ಮೊದಲು ಗ್ರೀಸ್, ಫೋರ್ಕಿನ ಮಾತು ಆಮೇಲೆ

ಪೆಡಲ್ ತುಳಿಯುವಾಗ ಕಾಲಡಿಯಿಂದ ಕರಕರ ಅಂತ ಒಂದು ಸದ್ದು ಬರುತ್ತದೆ. ಒರಳಿಗೆ ಅಕ್ಕಿಯ ಜೊತೆ ಒಂದು ಹಿಡಿ ಮರಳೂ ಬಿದ್ದರೆ ಹೇಗೆ ಕೇಳುತ್ತದೋ ಹಾಗೆ. ನನ್ನ ಸೈಕಲ್ಲಿಗೆ ಆ ಸದ್ದು ಬಂದದ್ದು ಮೊದಲ ಮಳೆಗಾಲದಲ್ಲೇ, ಪುಷ್ಯ ಮಳೆ ಮುಗಿಯುವ ಹೊತ್ತಿಗೆ. ತಂದು ಏಳು ತಿಂಗಳಾಗಿತ್ತು ಅಷ್ಟೇ. ಕೊಟ್ಟದ್ದು 14,500 ರೂಪಾಯಿ.

ಇದನ್ನು ಈಗ ಬರೆಯಲಿಕ್ಕೆ ಕಾರಣ ಪಕ್ಕದ ಮನೆಯ ಹುಡುಗ. ಪಿಯುಸಿಗೆ ಸೇರಿದ್ದಾನೆ, ಹೆಚ್ಚುಕಡಿಮೆ ನನ್ನದೇ ತರಹದ ಎಂಟಿಬಿ, ಅಂದರೆ ಬೆಟ್ಟಗುಡ್ಡದ ದಾರಿಗೆಂದು ಮಾಡಿದ ಮೌಂಟನ್ ಬೈಕ್, ತಂದಿದ್ದಾನೆ. ತಂದ ಮರುದಿನ ಬಂದು ಕೇಳಿದ ಮೊದಲ ಪ್ರಶ್ನೆ, "ಮುಂದಿನ ಫೋರ್ಕ್ ಯಾವುದಕ್ಕೆ ಬದಲಾಯಿಸಿದರೆ ಒಳ್ಳೇದು?" ಫೋರ್ಕ್ ಅಂದರೆ ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿಯುವ ಕವೆ. ಅವನೊಬ್ಬನೇ ಅಲ್ಲ, ಹೊಸ ಸೈಕಲ್ ತಂದವರೆಲ್ಲ ಕೇಳುವುದು ಇದನ್ನೇ. ಶಿರಸಿಯಲ್ಲಿ, ಇಷ್ಟು ಮಳೆ ಬೀಳುವ ಈ ಊರಲ್ಲಿ, ಕೇಳಬೇಕಾದ ಮೊದಲ ಪ್ರಶ್ನೆ ಇದಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಮನೆ ಹುಲೇಕಲ್ ಕಡೆ. ಡಾಂಬರು ರಸ್ತೆ ಬಿಟ್ಟು ಒಳಗೆ ಎರಡು ಕಿ.ಮೀ. ಕೆಂಪುಮಣ್ಣು, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಬೆಟ್ಟದ ಅಂಚಿನ ಏರು, ಕೊನೆಗೆ ತೋಟದ ದಾರಿ. ವಾರಕ್ಕೆ ನಾಲ್ಕು ದಿನವಾದರೂ ಪೇಟೆಗೆ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ. ಸೈಕಲ್ಲಿಗೆ ಅಲಾಯ್ ಫ್ರೇಮ್, 27.5 ಇಂಚಿನ ಚಕ್ರ, 100 ಮಿ.ಮೀ. ಆಡುವ ಸ್ಪ್ರಿಂಗ್ ಫೋರ್ಕ್, ಕೇಬಲ್ಲಿನ ಡಿಸ್ಕ್ ಬ್ರೇಕ್, ಮುಂದೆ ಮೂರು ಹಿಂದೆ ಏಳು ಸೇರಿ 21 ಗೇರು. ಕಡಿಮೆ ಬೆಲೆಯ ಎಂಟಿಬಿ ಅಂದರೆ ಬಹುತೇಕ ಇಷ್ಟೇ ಇರುತ್ತದೆ.

"ಇನ್ನೊಂದು ಹದಿನೈದು ಸಾವಿರ ಕೂಡಿಸಿ ಒಳ್ಳೆಯದನ್ನೇ ತಗೋಬೇಕಿತ್ತು" ಅನ್ನುವವರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹದಿನೈದು ಸಾವಿರ ಕೂಡಿಸಲಿಕ್ಕೇ ಎರಡು ವರ್ಷ ಬೇಕಾಗುವವನಿಗೆ ಆ ಸಲಹೆಯ ಅರ್ಥ ಸೈಕಲ್ ಬೇಡ ಅಂತಲೇ. ಅಗ್ಗದ ಸೈಕಲ್ಲಿನ ಫ್ರೇಮು ಕೆಟ್ಟದ್ದಾಗಿರುವುದು ಅಪರೂಪ. ಅದರ ಬೇರಿಂಗಿಗೆ ಸರಿಯಾದ ಸೀಲ್ ಇರುವುದಿಲ್ಲ, ಒಳಗೆ ಸವರಿದ ಗ್ರೀಸ್ ಕಾಟಾಚಾರಕ್ಕೆ ಇರುತ್ತದೆ. ಒಣ ಊರಲ್ಲಿ ಅದರಲ್ಲೇ ಮೂರು ವರ್ಷ ನಡೆದೀತು. ನಮ್ಮಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಮೂರು ತಿಂಗಳಲ್ಲಿ ಲೆಕ್ಕ ಚುಕ್ತಾ.

ಮೊದಲ ಪೆಟ್ಟು ಮಳೆಯಿಂದ ಬಂದದ್ದೂ ಅಲ್ಲ. ತಂದ ಮೂರನೇ ವಾರಕ್ಕೆ ಎಡಗಡೆಯ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಅಲ್ಲಾಡತೊಡಗಿತು. ಅಂಗಡಿಯಲ್ಲಿ ಜೋಡಿಸುವಾಗ ಬೋಲ್ಟನ್ನು ಅರೆಬರೆ ಬಿಗಿದಿದ್ದರು. ಕ್ರ್ಯಾಂಕ್ ಕೂರುವ ಚೌಕ ತುದಿಯ ಅಚ್ಚು ಗಟ್ಟಿ ಉಕ್ಕು, ಕ್ರ್ಯಾಂಕ್ ಮೆತ್ತನೆಯ ಅಲ್ಯೂಮಿನಿಯಂ. ಸಡಿಲವಾಗಿದ್ದಾಗಲೇ ತುಳಿಯುತ್ತ ಹೋದರೆ ಚೌಕದ ತೂತು ದುಂಡಾಗಿಬಿಡುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಕ್ರ್ಯಾಂಕನ್ನೇ ಹೊಸದು ಹಾಕಬೇಕು. ನನ್ನದು ಹಾಗೇ ಹೋಯಿತು. ಆದ್ದರಿಂದ ಹೊಸ ಸೈಕಲ್ ತಂದ ದಿನವೇ, ಅಂಗಡಿಯವರು ಎಷ್ಟೇ ಧೈರ್ಯ ಹೇಳಲಿ, ಉದ್ದ ಹಿಡಿಕೆಯ ಅಲೆನ್ ಕೀ ಹಾಕಿ ಎರಡೂ ಕ್ರ್ಯಾಂಕ್ ಬೋಲ್ಟು ಬಿಗಿಯಿರಿ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ.

ಇನ್ನು ಆ ಕರಕರ ಸದ್ದು. ಎರಡು ಕ್ರ್ಯಾಂಕುಗಳ ನಡುವೆ ಫ್ರೇಮಿನ ತಳದಲ್ಲಿ ಕೂತಿರುವುದು ಬಾಟಮ್ ಬ್ರಾಕೆಟ್. ನನ್ನದರಲ್ಲಿ ಇದ್ದದ್ದು ಹಳೇ ಕಾಲದ ಬಿಡಿ ಬಟ್ಟಲು, ಗುಂಡಿನ ಪಂಜರ. ಬಿಚ್ಚಿ ನೋಡಿದರೆ ಒಳಗೆ ಗ್ರೀಸೇ ಇಲ್ಲ, ಕೆಂಪು ಗಾರೆ. ನೀರು ಬರೀ ಬದಿಯಿಂದ ಹೊಕ್ಕಿದ್ದೂ ಅಲ್ಲ. ಹಿಂದಿನ ಚಕ್ರ ಎರಚುವ ನೀರು ಸೀಟ್‌ಪೋಸ್ಟಿನ ಸಂದಿಯಿಂದ ಕೊಳವೆಯೊಳಗೆ ಇಳಿದು ಸೀದಾ ಬೇರಿಂಗಿನ ಮೇಲೆ ನಿಂತಿತ್ತು. ಅದನ್ನು ತೆಗೆದು, ಅಚ್ಚು ಬೇರಿಂಗು ಎಲ್ಲ ಒಂದೇ ತುಂಡಾಗಿ ಬರುವ ಸೀಲ್ ಆದ ಕಾರ್ಟ್ರಿಜ್ ಹಾಕಿಸಿದೆ. ಖರ್ಚು ಒಂದು ಸಾವಿರದೊಳಗೆ. ಈ ಸೈಕಲ್ಲಿನ ಮೇಲೆ ನಾನು ಹಾಕಿದ ದುಡ್ಡಿನಲ್ಲಿ ಇಷ್ಟು ಫಲ ಕೊಟ್ಟದ್ದು ಮತ್ತೊಂದಿಲ್ಲ, ನಂತರದ ಮೂರು ಮಳೆಗಾಲ ಅದರ ಕಡೆ ತಿರುಗಿ ನೋಡಿಲ್ಲ. ತರಿಸುವ ಮೊದಲು ಫ್ರೇಮಿನಲ್ಲಿ ಬಾಟಮ್ ಬ್ರಾಕೆಟ್ ಕೂರುವ ಅಡ್ಡ ಕೊಳವೆಯ ಅಗಲ ಅಳೆಯಿರಿ, 68 ಮಿ.ಮೀ. ಇರುತ್ತದೆ ಇಲ್ಲವೇ 73. ಹಳೇ ಅಚ್ಚಿನ ಉದ್ದವನ್ನೂ ಬರೆದಿಟ್ಟುಕೊಳ್ಳಿ, ಬೇರೆ ಉದ್ದದ್ದು ಬಂದರೆ ಚೈನಿನ ಸಾಲು ತಪ್ಪುತ್ತದೆ. ಚೈನ್ ಇರುವ ಬದಿಯ ಬಟ್ಟಲು ಉಲ್ಟಾ ಥ್ರೆಡ್ಡು. ಗೊತ್ತಿಲ್ಲದೆ ಎಲ್ಲರೂ ಬಿಚ್ಚುವ ಬದಲು ಇನ್ನಷ್ಟು ಬಿಗಿಯುತ್ತಾರೆ.

ಎಂಟಿಬಿ ಹುಟ್ಟಿದ್ದೇ ಹೀಗೆ ಬಿಚ್ಚಿ ಗ್ರೀಸ್ ತುಂಬುತ್ತ ಅಂತ ಎಷ್ಟು ಜನರಿಗೆ ಗೊತ್ತೋ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೇ ಬಲೂನ್ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲೆ ಒಯ್ದು ಕಾಡುದಾರಿಯಲ್ಲಿ ಕೆಳಗೆ ಬಿಡುತ್ತಿದ್ದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಚಕ್ರದ ನಡುವಿನ ಗುಂಬದೊಳಗೇ, ಅಂದರೆ ಹಬ್ಬಿನೊಳಗೇ, ಹಿಡಿಯುವ ಬ್ರೇಕು ಆ ಸೈಕಲ್ಲುಗಳಿಗೆ. ಒಂದು ಇಳಿತ ಮುಗಿಯುವಷ್ಟರಲ್ಲಿ ಹಬ್ಬು ಕಾದು ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ದಾರಿಗೆ, 1976ರಲ್ಲಿ ಅಲ್ಲಿ ಶುರುವಾದ ಪಂದ್ಯಕ್ಕೆ, 'ರೀಪ್ಯಾಕ್' ಅಂತಲೇ ಹೆಸರು ನಿಂತಿತು, ಮತ್ತೆ ತುಂಬು ಅಂತ. ಎಂಟಿಬಿಗೆ ರೂಪ ಕೊಟ್ಟ ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಇವರೆಲ್ಲ ಅಲ್ಲಿಂದಲೇ ಬಂದವರು. ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಫ್ರೇಮು ಕಟ್ಟಿದ್ದು 1977ರಲ್ಲಿ. ಅಲ್ಲಿಯವರೆಗೆ ನಡೆದದ್ದೆಲ್ಲ ಹಳೇ ಸೈಕಲ್ಲಿಗೆ ಸಿಕ್ಕ ಬಿಡಿಭಾಗ ಕೂಡಿಸಿ, ಗ್ರೀಸ್ ತುಂಬಿ, ಮತ್ತೆ ಗುಡ್ಡ ಹತ್ತಿದ ಕತೆ. ಅಂಗಳದಲ್ಲಿ ಹಬ್ಬು ಬಿಚ್ಚಿಟ್ಟುಕೊಂಡು ಕೂತಾಗ ನನಗೆ ಇದು ನೆನಪಾಗುತ್ತದೆ, ಮನಸ್ಸಿಗೆ ಹಿತ ಅನ್ನಿಸುತ್ತದೆ.

ನಾನು ವರ್ಷಕ್ಕೆ ಎರಡು ಸಲ ಹಬ್ಬು ಬಿಚ್ಚುತ್ತೇನೆ. ಮೃಗಶಿರ ಮಳೆಗೆ ಮೊದಲು ಒಮ್ಮೆ, ದೀಪಾವಳಿಯ ಆಚೀಚೆ ಇನ್ನೊಮ್ಮೆ. ಹಿಂದಿನದರಲ್ಲಿ ಬದಿಗೆ 9ರಂತೆ ಕಾಲಿಂಚಿನ ಗುಂಡು, ಮುಂದಿನದರಲ್ಲಿ ಬದಿಗೆ 10ರಂತೆ ಸಣ್ಣವು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಧಾರಾಳವಾಗಿ ತುಂಬಿ, ಗುಂಡುಗಳನ್ನು ಒತ್ತಿ ಹಿಡಿಯುವ ಕೋನನ್ನು ಹದ ನೋಡಿ ಕೂರಿಸುವುದು. ಬಿಗಿ ಹೆಚ್ಚಾದರೆ ಕೋನು ಸವೆಯುತ್ತದೆ, ಕಮ್ಮಿಯಾದರೆ ಚಕ್ರ ಓಲಾಡುತ್ತದೆ. ಮೊದಲ ಸಲ ಇಡೀ ಬೆಳಗು ಹಿಡಿಯಿತು. ಈಗ ಒಂದು ತಾಸಿನ ಕೆಲಸ.

ಇನ್ನೊಂದು ವಿಷಯ, ಇದಕ್ಕೆ ದುಡ್ಡೇ ಬೇಡ. ಕೆಸರು ಎರಚದಂತೆ ಒಣಗಿದ ಅಡಕೆ ಹಾಳೆ ಕತ್ತರಿಸಿ ಸೀಟಿನ ಕೆಳಗೆ, ಫೋರ್ಕಿನ ನಡುವೆ ಕಟ್ಟಿ. ಮಳೆಯಲ್ಲಿ ಹದಿನೈದು ದಿನ ಬರುತ್ತದೆ, ಆಮೇಲೆ ಮೆತ್ತಗಾಗಿ ಜೋಲುತ್ತದೆ, ಬಿಚ್ಚಿ ತೋಟಕ್ಕೆ ಎಸೆದರಾಯಿತು. ಈಗ ನಾನು ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ ಕತ್ತರಿಸಿ ಕಟ್ಟಿದ್ದೇನೆ. ಮಡ್‌ಗಾರ್ಡ್ ಇಲ್ಲದ ಎಂಟಿಬಿ ಚಿತ್ರದಲ್ಲಿ ಚೆಂದ ಕಾಣುತ್ತದೆ ನಿಜ, ಆದರೆ ಬೇರಿಂಗಿಗೆ ಹೋಗುವ ಅರ್ಧ ಕೆಸರನ್ನು ತಡೆಯುವುದು ಆ ಹಾಳೆಯೇ.

ಬ್ರೇಕಿನ ಮಾತಿಗೆ ಬಂದರೆ, ಒಮ್ಮೆ ಕುಮಟಾಕ್ಕೆ ಹೋಗುತ್ತ ದೇವಿಮನೆ ಘಟ್ಟ ಇಳಿಯುವಾಗ ಹಿಡಿಕೆ ಹ್ಯಾಂಡಲ್ಲಿಗೆ ತಾಗುವಷ್ಟು ಒಳಬಂತು. ಮಳೆ ಹನಿಯುತ್ತಿತ್ತು, ಎದುರಿಗೆ ಲಾರಿ. ಕಾಲು ಊರಿ, ಬದಿಯ ಮಣ್ಣಿಗೆ ಚಕ್ರ ಕೊಟ್ಟು ನಿಲ್ಲಿಸಿದೆ. ಪ್ಯಾಡು ಪೂರ್ತಿ ಸವೆದು ಬೆನ್ನಿನ ಕಬ್ಬಿಣ ಡಿಸ್ಕಿಗೆ ಉಜ್ಜುತ್ತಿತ್ತು. ಅಗ್ಗದ ಸೈಕಲ್ಲಿಗೆ ಬರುವ ರೆಸಿನ್ ಪ್ಯಾಡು ಕೆಸರುನೀರಿನಲ್ಲಿ ಮರಳುಕಾಗದಕ್ಕೆ ಸಿಕ್ಕ ಹಾಗೆ ಕರಗುತ್ತದೆ. ಲೋಹ ಬೆರೆತ ಪ್ಯಾಡು ಹೆಚ್ಚು ಬಾಳುತ್ತದೆ, ಸ್ವಲ್ಪ ಕಿರುಚುತ್ತದೆ. ಆದರೆ ಎಷ್ಟೋ ಅಗ್ಗದ ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಅಂತ ಕೊರೆದಿರುತ್ತದೆ, ಹಾಗಿದ್ದರೆ ಡಿಸ್ಕನ್ನೂ ಬದಲಿಸಬೇಕಾಗುತ್ತದೆ. ಕೇಬಲ್ ಬ್ರೇಕಿನಲ್ಲಿ ಸಾಮಾನ್ಯವಾಗಿ ಒಂದೇ ಪ್ಯಾಡು ಚಲಿಸುತ್ತದೆ, ಚಕ್ರದ ಕಡೆಯದು ಇದ್ದಲ್ಲೇ ಇರುತ್ತದೆ. ಬರೀ ಕೇಬಲ್ ಎಳೆದು ಬಿಗಿ ಮಾಡಿದರೆ ಸಾಲದು, ಒಳಗಿನ ಪ್ಯಾಡನ್ನೂ ಸ್ಕ್ರೂ ತಿರುಗಿಸಿ ಮುಂದೆ ತರಬೇಕು. ನನಗೆ ಇದು ಗೊತ್ತಾದದ್ದು ದೇವಿಮನೆಯ ಆ ದಿನದ ನಂತರ. ಹೈಡ್ರಾಲಿಕ್ ಬ್ರೇಕ್ ಒಳ್ಳೆಯದೇ, ಮುಂದೊಂದು ದಿನ ಹಾಕಿಸುತ್ತೇನೆ. ಆದರೆ ಹೊಸ ಕೇಬಲ್ಲು, ಹೊಸ ಪ್ಯಾಡು, ಸರಿಯಾದ ಹೊಂದಾಣಿಕೆ ಈ ಮೂರಕ್ಕೇ ನನ್ನ ಬ್ರೇಕು ಗುರುತು ಸಿಗದಷ್ಟು ಬದಲಾಯಿತು.

ಗೇರಿನ ಲೆಕ್ಕ ಸ್ವಲ್ಪ ಹೇಳುತ್ತೇನೆ, ನನಗೆ ಇಷ್ಟದ ವಿಷಯ. ಚೈನ್ ಕೂರುವ ಮುಂದಿನ ಸಣ್ಣ ಹಲ್ಲುಚಕ್ರಕ್ಕೆ 24 ಹಲ್ಲು, ಹಿಂದಿನ ದೊಡ್ಡದಕ್ಕೆ 28. ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು 1.84 ಮೀಟರ್ ಹೋಗುತ್ತಿತ್ತು. ಬೆನ್ನಿಗೆ ಚೀಲ, ಕ್ಯಾರಿಯರಿನಲ್ಲಿ ಹತ್ತು ಕೆಜಿ ಹಿಂಡಿ ಇಟ್ಟುಕೊಂಡು ಹಳ್ಳದಾಚೆಯ ಏರಿಗೆ ಅದು ಭಾರ. 14ರಿಂದ 34 ಹಲ್ಲಿನ ಫ್ರೀವ್ಹೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿದ ಮೇಲೆ ಅದೇ ಸುತ್ತಿಗೆ 1.52 ಮೀಟರ್. ಕಾಗದದ ಮೇಲೆ ಸಣ್ಣ ಅಂತರ, ಮೊಣಕಾಲಿಗೆ ದೊಡ್ಡದು. ಮೊದಲು ಇಳಿದು ತಳ್ಳುತ್ತಿದ್ದ ಏರನ್ನು ಈಗ ಕೂತೇ ಹತ್ತುತ್ತೇನೆ. ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೈಲರ್ 34 ಹಲ್ಲು ತಡೆಯುತ್ತದೋ ನೋಡಿಕೊಳ್ಳಿ, ಚೈನಿನ ಉದ್ದವೂ ಸಾಲಬೇಕು.

ಚೈನಿಗೆ ಒಂದು ಸ್ಕೇಲು ಸಾಕು. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಒಂದು ಇಂಚಿನ ಹದಿನಾರನೇ ಒಂದು ಪಾಲು ಹಿಗ್ಗಿತೆಂದರೆ ಬದಲಿಸಿ, ಇಲ್ಲವಾದರೆ ಹಲ್ಲುಗಳನ್ನೂ ತಿಂದುಹಾಕುತ್ತದೆ. ಹಾಗೇ ಡಿರೈಲರ್ ನೇತಾಡುವ ಹ್ಯಾಂಗರ್ ಅನ್ನುವ ಸಣ್ಣ ತುಂಡನ್ನು ಸೈಕಲ್ ಕೊಳ್ಳುವಾಗಲೇ ಒಂದು ಹೆಚ್ಚುವರಿ ತೆಗೆದಿಡಿ. ಪ್ರತಿ ಮಾದರಿಗೂ ಬೇರೆ ಆಕಾರ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಬೆಟ್ಟದ ದಾರಿಯಲ್ಲಿ ದರಕಿನ, ಅಂದರೆ ಉದುರಿದ ಒಣ ಎಲೆಯ, ಅಡಿಗೆ ಕೋಲು ಅಡಗಿರುತ್ತದೆ. ಅದು ಚಕ್ರಕ್ಕೆ ಸಿಕ್ಕಿ ಎಳೆದಾಗ ಮೊದಲು ಬಾಗುವುದು ಈ ತುಂಡು.

ಟೈರಿಗೆ ಬದಿಯಲ್ಲಿ ಬರೆದ 65 ಪಿಎಸ್‌ಐ ಅನ್ನುವುದು ಗಾಳಿಯ ಒತ್ತಡದ ಮೇಲಿನ ಮಿತಿ, ಅಷ್ಟೇ ತುಂಬಬೇಕೆಂಬ ಆಜ್ಞೆಯಲ್ಲ. ನನ್ನ 62 ಕೆಜಿ ತೂಕಕ್ಕೆ ಮಣ್ಣಿನಲ್ಲಿ ಮುಂದೆ 30, ಹಿಂದೆ 35 ಸಾಕು. ಆದರೆ ಹಾವಸೆ ಕಟ್ಟಿದ ಕಾಂಕ್ರೀಟಿನ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ. ಅಲ್ಲಿ ಇಳಿದು ನಡೆಯಿರಿ.

ಈಗ ಹುಡುಗ ಕೇಳಿದ ಫೋರ್ಕು. ಫ್ರೇಮಿನಲ್ಲಿ ಫೋರ್ಕು ಕೂರುವ ತಲೆಕೊಳವೆ ನಮ್ಮ ಸೈಕಲ್ಲಿನಲ್ಲಿ ನೇರ, ಅದಕ್ಕೆ ಹೊಂದುವುದು ಒಂದೂ ಒಂದೆಂಟಾಂಶ ಇಂಚಿನ ನೇರ ಕೊಳವೆ. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಈಗಿನ ಒಳ್ಳೆಯ ಫೋರ್ಕುಗಳು ಹೆಚ್ಚಿನವು ಬುಡಕ್ಕೆ ದಪ್ಪಗಾಗುವ ಕೊಳವೆಯವು, ದಪ್ಪ ಅಚ್ಚಿನವು. ಅದನ್ನು ಹಾಕಬೇಕೆಂದರೆ ಮುಂದಿನ ಹಬ್ಬೂ ಬದಲಾಗಬೇಕು, ಫ್ರೇಮಿಗೆ ಹೊಂದುತ್ತದೋ ಅದೇ ಅನುಮಾನ. ಹೊಂದುವುದು ಹುಡುಕಿದರೂ ಬೆಲೆ ಸೈಕಲ್ಲಿನ ಸಮೀಪ ಬರುತ್ತದೆ. ನಮ್ಮದು ಕಲ್ಲಿನಿಂದ ಕಲ್ಲಿಗೆ ಹಾರುವ ಸವಾರಿ ಅಲ್ಲ, ಪೇಟೆ, ತೋಟ, ರಜೆಯಲ್ಲಿ ಸಹಸ್ರಲಿಂಗ, ಸೋಂದಾ. ಇದ್ದ ಸ್ಪ್ರಿಂಗ್ ಫೋರ್ಕಿನ ಹೊಳೆಯುವ ಕೊಳವೆಯನ್ನು ದಿನಾ ಬಟ್ಟೆಯಲ್ಲಿ ಒರೆಸಿದರೆ ಅದೇ ನಾಲ್ಕು ವರ್ಷ ಬರುತ್ತದೆ. ನನ್ನದು ಬಂದಿದೆ.

ಫೋರ್ಕಿನ ಬದಲು ಹಿಂದಿನ ಚಕ್ರಕ್ಕೆ ದುಡ್ಡು ಎತ್ತಿಡಿ. ಫ್ರೀವ್ಹೀಲಿನ ಹಬ್ಬಿನಲ್ಲಿ ಬಲಬದಿಯ ಬೇರಿಂಗು ತುಂಬ ಒಳಗಿರುತ್ತದೆ, ಅಚ್ಚಿನ ತುದಿಗೆ ಆಸರೆಯಿಲ್ಲ. ಮೂರನೇ ವರ್ಷ ಕಾಲುಸಂಕದ ಪಕ್ಕದ ಗುಂಡಿಗೆ ಬಿದ್ದಾಗ ನನ್ನದು ಬಾಗಿತು. ಫ್ರೀಹಬ್ಬು ಅನ್ನುವ ಇನ್ನೊಂದು ಬಗೆಯ ಹಬ್ಬಿನಲ್ಲಿ ಬೇರಿಂಗು ಹೊರತುದಿಗೇ ಬರುತ್ತದೆ. ಅಂಥ ಚಕ್ರ ಕಟ್ಟಿಸಿ, 4.5 ಮಿ.ಮೀ. ಸ್ಪೇಸರ್ ಇಟ್ಟು ಏಳು ಗೇರಿನದೇ ಕ್ಯಾಸೆಟ್ (ಫ್ರೀಹಬ್ಬಿಗೆ ಕೂರುವ ಹಲ್ಲುಚಕ್ರಗಳ ಗೊಂಚಲು) ಹಾಕಿಸಿದೆ. ಹಳೇ ಫ್ರೀವ್ಹೀಲ್ ಕಪಾಟಿಗೆ ಹೋಯಿತು. ಭಾರ ಹೊರುವವರು, ದಿನಾ ಕಚ್ಚಾ ರಸ್ತೆಯವರು ಇದನ್ನೇ ಮೊದಲು ಮಾಡಿದರೆ ಒಂದು ಖರ್ಚು ಉಳಿಯುತ್ತದೆ.

ಕಾರವಾರದಲ್ಲಿರುವ ನನ್ನ ಭಾವನ ಕತೆ ಬೇರೆಯೇ. ಅಲ್ಲಿ ಉಪ್ಪುಗಾಳಿ. ಅವನದು ಉಕ್ಕಿನ ಫ್ರೇಮು, ಅಲ್ಯೂಮಿನಿಯಂ ಸೀಟ್‌ಪೋಸ್ಟು. ಎರಡು ಲೋಹದ ನಡುವೆ ಉಪ್ಪುನೀರು ಸೇರಿ ಪೋಸ್ಟು ಒಳಗೇ ಅಂಟಿಕೊಂಡಿತು. ಮಗಳು ಎತ್ತರವಾದಳು, ಸೀಟು ಏರಲಿಲ್ಲ. ಕೊನೆಗೆ ಗರಗಸ ಹಾಕಿ ಕೊಯ್ದು ತೆಗೆದರು. ಕರಾವಳಿಯವರು ಸೈಕಲ್ ತಂದ ದಿನವೇ ಸೀಟ್‌ಪೋಸ್ಟ್ ಹೊರಗೆಳೆದು ಗ್ರೀಸ್ ಹಚ್ಚಿ. ಕಡಲತೀರದ ಮರಳಿನಲ್ಲಿ ಓಡಿಸಿದ್ದರೆ ಅದೇ ಸಂಜೆ ಸಿಹಿನೀರು ಸುರಿದು ಒರೆಸಿ, ಚೈನಿಗೆ ಎಣ್ಣೆ ಬಿಡಿ. ಎಣ್ಣೆಯ ಒಂದು ಹನಿಯೂ ಡಿಸ್ಕಿಗೆ ತಾಗಬಾರದು.

ಪಕ್ಕದ ಮನೆಯ ಹುಡುಗನಿಗೆ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಬಾ ಅಂದಿದ್ದೇನೆ. ಕ್ರ್ಯಾಂಕ್ ಪುಲ್ಲರ್, ಕೋನ್ ಸ್ಪ್ಯಾನರ್, ಗ್ರೀಸ್ ಡಬ್ಬಿ ಎಲ್ಲ ಜಗಲಿಯ ಮೇಲೇ ಇರುತ್ತವೆ. ಹುಲೇಕಲ್ ಕಡೆಯವರು ಯಾರಾದರೂ ಸೈಕಲ್ ಹಿಡಿದು ಬಂದರೆ ಜಾಗವಿದೆ. ಮೊದಲು ಪೆಡಲ್ ಬಿಚ್ಚುತ್ತೇವೆ. ಎಡಗಡೆಯದು ಉಲ್ಟಾ ತಿರುಗುತ್ತದೆ, ಅದನ್ನು ಅವನ ಕೈಯಿಂದಲೇ ಬಿಚ್ಚಿಸಬೇಕು.