ಬೀಗರ ಕಾರಿಗೆ ಬೀಗದ ಕೈ ಇಲ್ಲ

‘ಪುಷ್ ಸ್ಟಾರ್ಟ್ ಗಾಡಿ ಮಾವ’ ಎಂದು ನನ್ನ ಭಾವಮೈದ ಎದೆಯುಬ್ಬಿಸಿ ಹೇಳಿದ್ದೇ ತಡ, ನಮ್ಮಪ್ಪ ಕಾಫಿ ಲೋಟ ಕೆಳಗಿಟ್ಟರು. ಮುಖದಲ್ಲಿ ನಿಜವಾದ ಮರುಕವಿತ್ತು.

‘ಅಲ್ಲಪ್ಪಾ, ಅಷ್ಟೊಂದು ದುಡ್ಡು ಸುರಿದು ತಳ್ಳೋ ಗಾಡಿ ತಂದ್ಯಾ? ಹೊಸ ಬ್ಯಾಟರಿ ಹಾಕಿಸ್ಕೊಡು ಅಂತ ಕೇಳ್ಬಾರ್ದಿತ್ತಾ ಮಾರಿದೋನನ್ನ?’

ಅಪ್ಪ ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರಾಗಿದ್ದವರು. ಮಳೆಗಾಲ ಬಂತೆಂದರೆ ತೋಟದ ಜೀಪಿನ ಬ್ಯಾಟರಿ ಮಲಗುತ್ತಿತ್ತು. ಆಳುಗಳು ತಳ್ಳಬೇಕು, ಡ್ರೈವರು ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡಬೇಕು, ಜೀಪು ಒಮ್ಮೆ ಬಿಕ್ಕಿ ಎದ್ದೇಳಬೇಕು. ತಳ್ಳಲು ಜನ ಸಿಗದಿದ್ದರೆ ಗತಿಯೇನು ಎಂದು ಎಲ್ಲಿಗೆ ಹೋದರೂ ಇಳಿಜಾರು ಹುಡುಕಿಯೇ ನಿಲ್ಲಿಸುತ್ತಿದ್ದರು. ಮಲೆನಾಡಿನಲ್ಲಿ ಇಳಿಜಾರಿಗೇನು ಬರವೇ? ಅಪ್ಪನ ಪಾಲಿಗೆ ಪುಷ್ ಸ್ಟಾರ್ಟ್ ಎಂದರೆ ಅದು.

ಭಾವಮೈದನದು ಬೇರೆ ಲೋಕ. ಹೊರಗಿನಿಂದ ನೋಡಿದರೆ ಮಾಮೂಲಿ ಪುಟ್ಟ ಕಾರು. ಒಳಗೆ ಟರ್ಬೊ ಎಂಜಿನ್ನು, ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸು. ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು. (ಕಂಪನಿಯ ಹೆಸರು ಬೇಡ. ಮುಂದೆ ಹೇಳುವ ಪ್ರಕರಣದಲ್ಲಿ ಕಾರಿನ ತಪ್ಪು ಏನೂ ಇಲ್ಲ, ತಪ್ಪೆಲ್ಲ ನಮ್ಮ ಮನೆತನದ್ದು.) ಸ್ಟೀರಿಂಗಿನ ಪಕ್ಕ ಕೆಂಪು ಉಂಗುರದ ಗುಂಡಿ, ಒತ್ತಿದರೆ ಎಂಜಿನ್ ಸ್ಟಾರ್ಟ್. ಅವನ ಪಾಲಿಗೆ ಪುಷ್ ಸ್ಟಾರ್ಟ್ ಎಂದರೆ ಇದು. ಕೀ ಅಂತ ಇರುವುದು ಹೊಳೆದಂಡೆಯ ಕಪ್ಪು ಕಲ್ಲಿನಂಥ ನುಣುಪಾದ ಒಂದು ತುಂಡು. ಅದು ಜೇಬಿನಲ್ಲಿದ್ದರೆ ಸಾಕು, ಹೊರಗೆ ತೆಗೆಯುವ ಅಗತ್ಯವೇ ಇಲ್ಲ.

‘ಬೀಗರ ಕಾರಿಗೆ ಬೀಗದ ಕೈಯೇ ಇಲ್ಲ’ ಎಂದರು ಅಪ್ಪ. ಭಾವಮೈದನನ್ನು ಬೀಗ ಎನ್ನುವ ರೂಢಿಯಿಲ್ಲ, ನಿಜ. ಆದರೆ ಪ್ರಾಸ ಸಿಕ್ಕಿದಾಗ ಅಪ್ಪ ಸಂಬಂಧದ ಲೆಕ್ಕ ನೋಡುವವರಲ್ಲ.

ಭಾವಮೈದ ಬಿಡುತ್ತಾನೆಯೇ? ಶುರುವಾಯಿತು ಪಾಠ. ಪೋರ್ಷೆ 911 ಸ್ಪೋರ್ಟ್ಸ್ ಕಾರಿನಲ್ಲಿ ಕೀ ಹಾಕುವ ಜಾಗ ಸ್ಟೀರಿಂಗಿನ ಎಡಗಡೆ ಯಾಕಿತ್ತು ಗೊತ್ತಾ ಮಾವ? ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆಯ ರೇಸು. ಆಗೆಲ್ಲ ಡ್ರೈವರುಗಳು ರಸ್ತೆಯ ಈ ಬದಿ ನಿಂತಿರಬೇಕು, ಬಾವುಟ ಬೀಸಿದೊಡನೆ ಆ ಬದಿಯ ಕಾರಿಗೆ ಓಡಿ ಹತ್ತಬೇಕು. ಎಡಗೈ ಕೀ ತಿರುಗಿಸುವಾಗಲೇ ಬಲಗೈ ಗೇರು ಹಾಕಿದರೆ ಒಂದು ಕ್ಷಣ ಉಳಿಯಿತಲ್ಲ! ಅಭಿಮಾನಿಗಳು ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ ಇದು.

‘ಬೆಲ್ಟ್ ಯಾವಾಗ ಹಾಕ್ಕೊಳ್ತಿದ್ರು?’ ಎಂದು ಅಪ್ಪ ಕೇಳಿದರು. ತಾವು ಜನ್ಮದಲ್ಲಿ ಬೆಲ್ಟ್ ಹಾಕಿದವರಲ್ಲ, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. 1969ರಲ್ಲಿ ಜಾಕಿ ಇಕ್ಸ್ ಎಂಬ ಬೆಲ್ಜಿಯಮ್ಮಿನ ಡ್ರೈವರು ಅದನ್ನೇ ಕೇಳಿದ್ದ. ಎಲ್ಲರೂ ಎದ್ದುಬಿದ್ದು ಓಡುವಾಗ ತಾನೊಬ್ಬ ದೇವಸ್ಥಾನಕ್ಕೆ ಹೊರಟವನ ಹಾಗೆ ನಡೆದುಹೋಗಿ, ನಿಧಾನಕ್ಕೆ ಬೆಲ್ಟ್ ಬಿಗಿದುಕೊಂಡು, ಎಲ್ಲರಿಗಿಂತ ಕೊನೆಗೆ ಹೊರಟ. ಮರುದಿನ ಗೆದ್ದ ಕಾರು ಅವನದೇ. ಹಿಂದೆ ಬಿದ್ದ ಪೋರ್ಷೆಗೂ ಅದಕ್ಕೂ ನೂರು ಚಿಲ್ಲರೆ ಮೀಟರಿನ ಅಂತರ. ಮುಂದಿನ ವರ್ಷದಿಂದ ಓಡುವ ಪದ್ಧತಿ ನಿಂತಿತು, ಎಡಗಡೆಯ ಕೀ ಮಾತ್ರ ಉಳಿಯಿತು. 2024ರಲ್ಲಿ ಆ 911ಕ್ಕೂ ಗುಂಡಿ ಬಂದಾಗ ಭಾವಮೈದನ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಸೂತಕ. ಅವರಲ್ಲಿ ಒಬ್ಬರ ಹತ್ತಿರವೂ 911 ಇಲ್ಲ ಎಂಬುದು ಬೇರೆ ಮಾತು.

ಲ್ಯಾಂಬೊರ್ಗಿನಿ ಅವೆಂಟಡೋರಿನಲ್ಲಿ ಸ್ಟಾರ್ಟ್ ಗುಂಡಿಗೆ ಕ್ಷಿಪಣಿಯ ಗುಂಡಿಗಿರುವ ಹಾಗೆ ಕೆಂಪು ಮುಚ್ಚಳವಂತೆ, ಎತ್ತಿ ಒತ್ತಬೇಕಂತೆ. 1999ರಲ್ಲಿ ಬಂದ ಹೋಂಡಾ ಎಸ್2000ದಲ್ಲಿ ಮೊದಲು ಕೀ ತಿರುಗಿಸಿ ಆಮೇಲೆ ಕೆಂಪು ಗುಂಡಿ ಒತ್ತಬೇಕಂತೆ. ಛತ್ರದಲ್ಲಿ ತಾಳಿ ಕಟ್ಟಿ ಮತ್ತೆ ರಿಜಿಸ್ಟ್ರಾರ್ ಆಫೀಸಿಗೂ ಹೋದ ಹಾಗೆ.

ಅಪ್ಪ ಎಲ್ಲ ಕೇಳಿಸಿಕೊಂಡು, ‘ಗುಂಡಿ ಏನು ಹೊಸಾದೇ? ನಮ್ಮ ಜೀಪಿಗೂ ಇತ್ತಲ್ಲ, ಕಾಲಲ್ಲಿ ಒತ್ತೋದು’ ಎಂದರು.

ಭಾವಮೈದ ನಕ್ಕ. ಆಮೇಲೆ ಫೋನಿನಲ್ಲಿ ಹುಡುಕಿ ಸುಮ್ಮನಾದ. ಹಳೆಯ ವಿಲ್ಲೀಸ್ ಜೀಪುಗಳ ಸೆಲ್ಫ್ ಇದ್ದದ್ದು ನೆಲದಲ್ಲೇ. ಕೀ ತಿರುಗಿಸಿದರೆ ಕರೆಂಟು ಮಾತ್ರ; ಎಂಜಿನ್ ತಿರುಗಬೇಕಾದರೆ ಪಾದದಿಂದ ಗುಂಡಿ ತುಳಿಯಬೇಕು. ಅದಕ್ಕೂ ಮುಂಚೆ ಮುಂದೆ ನಿಂತು ಹ್ಯಾಂಡಲ್ ಹೊಡೆಯುವ ಕಾಲ. ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹ್ಯಾಂಡಲ್ ತಿರುಗಿ ಹೊಡೆದಾಗ ಕೈ ಹೋಯಿತು ಅಂತಲೇ ಲೆಕ್ಕ. 1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ಕರೆಂಟಿನ ಸ್ಟಾರ್ಟರ್ ಕೂರಿಸಿದ ಮೇಲೆ ಮಣಿಕಟ್ಟುಗಳು ಉಳಿದವು. ಗಾಡಿ ತಾನೇ ಸ್ಟಾರ್ಟ್ ಆಗುವುದರಿಂದ ಅದು ‘ಸೆಲ್ಫ್’. ಇವತ್ತಿಗೂ ನಮ್ಮ ಮೆಕ್ಯಾನಿಕ್ಕುಗಳು ‘ಸೆಲ್ಫ್ ತಗೋತಿಲ್ಲ ಸಾರ್’ ಎನ್ನುವುದು ಅದರ ಕುರಿತೇ. ಕೀ ತಿರುಗಿಸಿದರೇ ಎಂಜಿನ್ ಏಳುವ ಏರ್ಪಾಡು ಬಂದದ್ದು ಆಮೇಲೆ. ಅಂದರೆ ಗುಂಡಿ ಅಜ್ಜ, ಕೀ ಮೊಮ್ಮಗ. ಅಪ್ಪ ಮತ್ತೊಂದು ಲೋಟ ಕಾಫಿ ಕೇಳಿದರು, ಗೆದ್ದವರ ದನಿಯಲ್ಲಿ.

ಇಷ್ಟೆಲ್ಲ ವಿದ್ಯೆ ಸಂಪಾದಿಸಿಕೊಂಡು ನಾವು ಆ ಭಾನುವಾರ ಕಳೆದ ಐದನೇ ದಿನಕ್ಕೆ ಸಕಲೇಶಪುರದ ಗೃಹಪ್ರವೇಶಕ್ಕೆ ಹೊರಟೆವು. ನನ್ನ ಹಳೇ ಕಾರು ಗ್ಯಾರೇಜಿನಲ್ಲಿತ್ತು. ‘ನನ್ನದು ತಗೊಂಡೋಗಿ ಭಾವ, ಹೈವೇಲಿ ಮಜಾ ಬರತ್ತೆ’ ಎಂದ ಭಾವಮೈದ ಬೆಳಗಿನ ಆರಕ್ಕೇ ಮನೆಗೆ ಬಂದ. ಬ್ರೇಕ್ ಒತ್ತಿಯೇ ಗುಂಡಿ ಒತ್ತಬೇಕು, ಇಲ್ಲದಿದ್ದರೆ ರೇಡಿಯೊ ಮಾತ್ರ ಹಾಡುತ್ತೆ ಎಂದೆಲ್ಲ ಕಲಿಸಿಕೊಡಲು ತುಮಕೂರು ರಸ್ತೆಯವರೆಗೆ ತಾನೇ ಓಡಿಸಿದ. ಮಾದಾವರ ಮೆಟ್ರೊ ನಿಲ್ದಾಣದ ಹತ್ತಿರ ಇಳಿದ, ನಾನು ಅವನ ಸೀಟಿಗೆ ಬಂದೆ, ಎಂಜಿನ್ ಓಡುತ್ತಲೇ ಇತ್ತು. ಅವನು ಟಾಟಾ ಮಾಡಿ ಮೆಟ್ರೊ ಹತ್ತಿ ಆಫೀಸಿಗೆ ಹೋದ.

ಹೊರಟ ಕೂಡಲೇ ಕಾರು ಕುಂಯ್ ಕುಂಯ್ ಎಂದಿತು. ಮುಂದಿನ ಪರದೆಯಲ್ಲಿ ಏನೋ ಬಂತು, ಹೋಯಿತು. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ಓದುವುದೆಲ್ಲಿಂದ?

‘ಅಪ್ಪ, ಬೆಲ್ಟ್ ಹಾಕ್ಕೊಳ್ಳಿ, ಅದಕ್ಕೇ ಕೂಗ್ತಿದೆ.’

ಅಪ್ಪ ಗೊಣಗುತ್ತ ಬೆಲ್ಟ್ ಹಾಕಿಕೊಂಡರು. ಕುಂಯ್‌ಗುಟ್ಟುವುದು ನಿಂತಿತು. ಜೀವನದಲ್ಲಿ ಮೊದಲ ಸಲ ಅಪ್ಪ ಬೆಲ್ಟ್ ಹಾಕಿದ್ದು, ಅದೂ ತಪ್ಪು ಕಾರಣಕ್ಕೆ.

ಕುಣಿಗಲ್ ದಾಟುವವರೆಗೆ ಸ್ವರ್ಗ. ಭಾವಮೈದ ಹೇಳಿದ್ದು ಸುಳ್ಳಲ್ಲ, ಕಾಲು ಸ್ವಲ್ಪ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಎಡೆಯೂರು ಬಂದಾಗ ನನ್ನ ಹೆಂಡತಿ, ‘ಸಿದ್ಧಲಿಂಗೇಶ್ವರನಿಗೆ ಕೈ ಮುಗಿದು ಹೋಗೋಣ ರೀ, ಹೊಸ ಗಾಡಿ’ ಎಂದಳು. ಮರದ ನೆರಳಿಗೆ ನಿಲ್ಲಿಸಿ ಗುಂಡಿ ಒತ್ತಿದೆ. ಎಂಜಿನ್ ನಿಂತಿತು.

ದರ್ಶನ ಮುಗಿಸಿ, ಹಣ್ಣುಕಾಯಿ ಹಿಡಿದು ಬಂದು ಬ್ರೇಕ್ ತುಳಿದು ಗುಂಡಿ ಒತ್ತಿದೆ. ಮತ್ತೆ ಕುಂಯ್. ಈ ಸಲ ಓದಲು ಬೇಕಾದಷ್ಟು ಪುರಸೊತ್ತಿತ್ತು. ಕೀ ಕಾರಿನಲ್ಲಿಲ್ಲ ಎಂದು ಬರೆದಿತ್ತು.

ಭಾವಮೈದನಿಗೆ ಫೋನ್ ಮಾಡಿದೆ. ನಾಲ್ಕನೆಯ ಸಲಕ್ಕೆ ಎತ್ತಿದ. ಮೀಟಿಂಗಿನಲ್ಲಿದ್ದನಂತೆ, ಪಿಸುದನಿ. ‘ಕೀ ನಿಮ್ಮ ಹತ್ರನೇ ಇರಬೇಕು ಭಾವ, ಜೇಬು ನೋಡ್ಕೊಳ್ಳಿ.’ ‘ನಿನ್ನ ಜೇಬು ನೋಡ್ಕೋ’ ಎಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಪಿಸುದನಿಯೂ ಉಡುಗಿ, ‘ಅಯ್ಯೋ’ ಎಂದಿತು.

ನನ್ನ ಹಳೇ ಕಾರಿನ ಕೀ ಗೊಂಚಲಿನಲ್ಲಿ ಸ್ಕೂಟರಿನದು, ಬೀರುವಿನದು, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಒಂದು, ಜತೆಗೆ ಧರ್ಮಸ್ಥಳದ ಮಂಜುನಾಥಸ್ವಾಮಿ. ಅದನ್ನು ಮರೆತು ಜೇಬಿನಲ್ಲಿಟ್ಟುಕೊಂಡು ಯಾರೂ ಮೆಟ್ರೊ ಹತ್ತಲಾರರು, ತೊಡೆ ಚುಚ್ಚುತ್ತದೆ, ಝಣ್ ಎನ್ನುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದನ್ನು ಕಿತ್ತರೆ ಕಾರು ನಿಲ್ಲುತ್ತದೆ. ಈ ಕಪ್ಪು ಕಲ್ಲು ಎಪ್ಪತ್ತು ಕಿಲೋಮೀಟರಿನಾಚೆ ಇದ್ದರೂ ಕಾರು ತಲೆ ಕೆಡಿಸಿಕೊಳ್ಳಲಿಲ್ಲ. ನಡುರಸ್ತೆಯಲ್ಲಿ ಎಂಜಿನ್ ನಿಂತರೆ ಅಪಾಯ ಎಂದು ಒಮ್ಮೆ ಹೊರಟ ಗಾಡಿಯನ್ನು ಹಾಗೇ ಓಡಲು ಬಿಡುತ್ತದಂತೆ. ಒಳ್ಳೆಯ ಬುದ್ಧಿಯೇ. ನಿಲ್ಲಿಸಿದ ಮೇಲೆ ಮಾತ್ರ ಗುರುತು ಹಿಡಿಯುವುದಿಲ್ಲ.

ಅಷ್ಟರಲ್ಲಿ ಹಣ್ಣುಕಾಯಿ ಅಂಗಡಿಯವರು, ಇಬ್ಬರು ಆಟೊದವರು, ಬಸ್ಸಿಗೆ ಕಾಯುತ್ತಿದ್ದ ಹುಡುಗರು ಸುತ್ತ ಸೇರಿದರು. ‘ಬ್ಯಾಟ್ರಿ ಡೌನಾಗೈತೆ’ ಎಂದರು ಒಬ್ಬರು. ‘ಸೆಲ್ಫ್ ಹೋಗೈತೆ’ ಎಂದರು ಇನ್ನೊಬ್ಬರು. ಕೊನೆಗೆ ಎಲ್ಲರೂ ಒಮ್ಮತಕ್ಕೆ ಬಂದು ಕಾರಿನ ಹಿಂದೆ ಸಾಲಾಗಿ ನಿಂತು ಪಂಚೆ ಎತ್ತಿ ಕಟ್ಟಿದರು.

‘ಕುಂತ್ಕಳಿ ಸಾ, ತಳ್ಳಾನ.’

‘ಇದನ್ನ ತಳ್ಳಿದ್ರೆ ಸ್ಟಾರ್ಟ್ ಆಗಲ್ಲ’ ಎಂದೆ. ‘ಪುಷ್ ಸ್ಟಾರ್ಟ್ ಗಾಡಿ ಇದು.’

ಪಂಚೆ ಕಟ್ಟಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗಿನಿಂದ ಅಪ್ಪ ನಕ್ಕ ಸದ್ದು ಕೇಳಿಸಿತು. ಆಮೇಲೆ ಅವರೇ ಇಳಿದು ಬಂದು, ಎಲ್ಲರಿಗೂ ಗೌರವದಿಂದ, ‘ನಾನೂ ಮೊದಲು ನಿಮ್ಮ ಹಾಗೇ ತಿಳ್ಕೊಂಡಿದ್ದೆ’ ಎಂದರು.

ಇನ್ನೊಂದು ಕೀ ಇತ್ತು, ಭಾವಮೈದನ ಮನೆಯಲ್ಲಿ. ಕೀ ಮನೆಯೊಳಗಿದ್ದರೂ ಅದರ ಸಿಗ್ನಲ್ ಹಿಡಿದು ಕಳ್ಳರು ಹೊರಗಿನ ಕಾರು ಒಯ್ಯುತ್ತಾರೆಂದು ಓದಿದಾಗಿನಿಂದ ನಮ್ಮತ್ತೆ ಅದನ್ನು ಸ್ಟೀಲಿನ ಸಾಸಿವೆ ಡಬ್ಬಿಯೊಳಗೆ ಬಿಗಿಯಾಗಿ ಮುಚ್ಚಿಟ್ಟಿದ್ದರು. ಭಾವಮೈದನ ಹೆಂಡತಿ ಅದನ್ನು ತೆಗೆದು, ಗೊರಗುಂಟೆಪಾಳ್ಯದಲ್ಲಿ ಹಾಸನದ ಬಸ್ಸೊಂದರ ಡ್ರೈವರ ಕೈಗೆ ಕೊಟ್ಟು, ಬಸ್ಸಿನ ನಂಬರು ಕಳಿಸಿದಳು. ನಾನು ಎರಡೂವರೆ ಗಂಟೆ ರಸ್ತೆ ಕಾದೆ. ಹುಡುಗನಾಗಿದ್ದಾಗ ಅಜ್ಜಿ ಕಳಿಸಿದ ಹಪ್ಪಳದ ಡಬ್ಬಿಗೆ ಹೀಗೇ ಕಾದಿದ್ದೆ.

ಕೀ ಬಂತು. ಸಾಸಿವೆಯ ವಾಸನೆ ಬರುತ್ತಿತ್ತು. ಗುಂಡಿ ಒತ್ತಿದೆ. ಕುಂಯ್.

ಡಬ್ಬಿಯಲ್ಲಿ ಮಲಗಿದ್ದ ಕೀಯ ಸೆಲ್ ಸತ್ತಿತ್ತು. ಮತ್ತೆ ಫೋನು. ಈ ಸಲ ಮೊದಲ ರಿಂಗಿಗೇ ಎತ್ತಿದ. ‘ಭಾವ, ಕೀನ ಸ್ಟಾರ್ಟ್ ಗುಂಡಿಗೇ ತಾಗಿಸಿ ಒತ್ತಿ. ಒಳಗೊಂದು ಚಿಪ್ ಇರತ್ತೆ, ಅದಕ್ಕೆ ಸೆಲ್ ಬೇಡ, ಕಾರೇ ಕರೆಂಟ್ ಕೊಟ್ಟು ಓದ್ಕೊಳ್ಳತ್ತೆ.’

ಅಪ್ಪ ಕೀ ಇಸಿದುಕೊಂಡರು. ರೈಟರಾಗಿದ್ದಾಗ ಬಟವಾಡೆಯ ದಿನ ಆಳುಗಳ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಗತ್ತಿನಲ್ಲಿ ಅದನ್ನು ಗುಂಡಿಯ ಮೇಲಿಟ್ಟು ಒತ್ತಿದರು. ಎಂಜಿನ್ ಗುರ್ ಎಂದಿತು. ಪಂಚೆಯವರು ಚಪ್ಪಾಳೆ ತಟ್ಟಿದರು, ಅಂಗಡಿಯವರು ಒಂದು ನಿಂಬೆಹಣ್ಣು ತಂದು ಚಕ್ರದ ಕೆಳಗಿಟ್ಟರು.

ಮುಂದಿನ ದಾರಿಯುದ್ದಕ್ಕೂ ಅಪ್ಪ ಕೀಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು. ಚನ್ನರಾಯಪಟ್ಟಣದಲ್ಲಿ ಕಾಫಿಗೆ ಒಬ್ಬೊಬ್ಬರಾಗಿ ಇಳಿದೆವು, ಎಂಜಿನ್ ಆಫ್ ಮಾಡುವ ಧೈರ್ಯ ಯಾರಿಗಿದೆ? ಹಾಸನದ ಬಂಕಿನಲ್ಲಿ ಹುಡುಗ, ‘ಆಫ್ ಮಾಡಿ ಸಾರ್’ ಎಂದಾಗ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡು, ಪೆಟ್ರೋಲ್ ಸಾಕಾಗಬಹುದು ಎಂದು ಹಾಗೇ ಹೊರಟೆವು.

ಗೃಹಪ್ರವೇಶದ ಮನೆ ತಲುಪಿದಾಗ ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಮನೆಯ ಮುಂದಿನ ಸಮತಟ್ಟು ಜಾಗದಲ್ಲಿ ಬೇಕಾದಷ್ಟು ಖಾಲಿಯಿತ್ತು. ಅಪ್ಪ ಕೈ ಅಡ್ಡ ಹಿಡಿದು ತಡೆದರು.

‘ಇಲ್ಲಿ ಬೇಡ. ಅಗೋ, ಆ ಇಳಿಜಾರಲ್ಲಿ ನಿಲ್ಸು.’

ಎರಡು ಕ್ಲಚ್ಚಿನ ಗೇರ್‌ಬಾಕ್ಸಿನ ಕಾರನ್ನು ಘಾಟಿಯ ತುದಿಯಿಂದ ಉರುಳಿಸಿದರೂ ಸ್ಟಾರ್ಟ್ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಮರುಮಾತಾಡದೆ ಇಳಿಜಾರಿನಲ್ಲೇ ನಿಲ್ಲಿಸಿದೆ. ಮುಂದಿನ ಚಕ್ರಕ್ಕೆ ಅಪ್ಪನೇ ಒಂದು ಕಲ್ಲು ಕೊಟ್ಟರು.