47 ಅಂತೆ!

ಅಲಾಸ್ಕದಿಂದ ಬಂದು ನಾಲ್ಕು ದಿನ ಆಯಿತು, ಇನ್ನೂ ಸಿಟ್ಟು ಇಳಿದಿಲ್ಲ. ಇಲ್ಲಿ ಬರೆದು ಹಾಕಿದರಾದರೂ ನಿದ್ದೆ ಬಂದೀತು ಅಂತ ಕೂತಿದ್ದೇನೆ. ಉದ್ದ ಇದೆ. ಮೀನು ಅಂದರೆ ಮೂಗು ಮುಚ್ಚುವವರು ಇಲ್ಲೇ ಇಳಿದುಕೊಳ್ಳಿ, ನಮ್ಮ ಮನೆಯವರ ಜೊತೆ ಕೂತು ಕಾಫಿ ಕುಡಿಯಿರಿ.

ನನ್ನ ಮೀನಿನ ಹುಚ್ಚು ನಿಮಗೇನು ಹೊಸದಲ್ಲ. ತೀರ್ಥಹಳ್ಳಿ ಕಡೆಯವಳು, ಗಾಳ ಹಿಡಿದೇ ಬೆಳೆದವಳು, ಸಿಯಾಟಲ್‌ಗೆ ಬಂದ ಮೇಲೆ ಎರೆಹುಳು ಬಿಟ್ಟು ಕೊಕ್ಕೆಗೆ ಪುಕ್ಕ, ದಾರ ಸುತ್ತಿ ಫ್ಲೈ (ಹುಳುವಿನಂಥ ನಕಲಿ ಎರೆ) ಕಟ್ಟೋಕೆ ಕಲಿತವಳು. ಒಂದೇ ಒಂದು ಸಲ ಅಲಾಸ್ಕದ ಬ್ರಿಸ್ಟಲ್ ಬೇ ಕಡೆ ಹೋಗಬೇಕು ಅಂತ ಹನ್ನೆರಡು ವರ್ಷದಿಂದ ಆಸೆ. ಅಲ್ಲಿ ಮೀನು ಹಿಡಿಯೋಕೆ ಬರುವವರ ಲಾಡ್ಜ್‌ಗಳಲ್ಲಿ ವಾರಕ್ಕೆ ತಲೆಗೆ 10,000 ಡಾಲರ್ ದಾಟುವುದು ಮಾಮೂಲಿ, ಹಾಗಾಗಿ ಆಸೆ ಆಸೆಯಾಗೇ ಇತ್ತು. ಈ ಸಲ ಯಾರೋ ಕೊನೇ ಗಳಿಗೆಯಲ್ಲಿ ಬರಲ್ಲ ಅಂದರು, ಲಾಡ್ಜಿನವರು ರೇಟು ಇಳಿಸಿದರು, ನಾನು ಅಡುಗೆಮನೆ ರಿಪೇರಿಗೆ ಇಟ್ಟ ದುಡ್ಡು ಎತ್ತಿಬಿಟ್ಟೆ. ಎಷ್ಟಕ್ಕೆ ಇಳಿಸಿದರು ಅಂತ ಕಾಮೆಂಟಿನಲ್ಲಿ ಕೇಳಬೇಡಿ. ಅಮ್ಮನೂ ಫೇಸ್‌ಬುಕ್ ನೋಡುತ್ತಾರೆ.

ಜಾಗದ ಬಗ್ಗೆ ಒಂದು ಮಾತೂ ತೆಗೆದು ಹೇಳುವ ಹಾಗಿಲ್ಲ. ಆಂಕರೇಜ್‌ನಿಂದ ಕಿಂಗ್ ಸಾಲ್ಮನ್ ಅನ್ನುವ ಊರಿಗೆ ಒಂದು ವಿಮಾನ, ಊರಿನ ಹೆಸರೇ ಮೀನಿನ ಹೆಸರು ನೋಡಿ. ಅಲ್ಲಿಂದ ಮುಂದೆ ರಸ್ತೆಯೇ ಇಲ್ಲ. ನೀರಿನ ಮೇಲೆ ಇಳಿಯುವ ಬೀವರ್ ಅನ್ನುವ ಪುಟ್ಟ ವಿಮಾನ. ಅದನ್ನು ತಯಾರಿಸಿದ್ದು 1947ರಿಂದ 1967ರವರೆಗೆ, ಅಂದರೆ ನಾನು ಕೂತ ವಿಮಾನ ನನಗಿಂತ ಹಿರಿಯದು. ಹತ್ತುವ ಮೊದಲು ಪೈಲಟ್ ಎಲ್ಲರ ತೂಕ ಕೇಳಿದ. ನಾನು ಐದು ಕಿಲೋ ಕಮ್ಮಿ ಹೇಳಿ, ಇಳಿಯುವವರೆಗೂ ದೇವರನ್ನು ನೆನೆಯುತ್ತಾ ಕೂತಿದ್ದೆ. ಕೆಳಗೆ ಕೆರೆ, ಜೌಗು, ಮತ್ತೆ ಕೆರೆ. ರಾತ್ರಿ ಹನ್ನೊಂದಕ್ಕೂ ಬೆಳಕು. ನದಿಯಲ್ಲಿ ಸಾಕೈ ಅನ್ನುವ ಜಾತಿಯ ಸಾಲ್ಮನ್ ಮೀನು. ದಡದ ಪಕ್ಕದಲ್ಲೇ ಮೊಣಕಾಲುದ್ದ ನೀರಿನಲ್ಲಿ ಸಾಲು ಕಟ್ಟಿ, ಜಾತ್ರೆ ತೇರಿನ ಹಿಂದೆ ಜನ ಹೋದ ಹಾಗೆ ಹೋಗುತ್ತಿದ್ದವು. ಇಡೀ ಪ್ರಪಂಚದಲ್ಲಿ ಸಾಕೈ ಇಷ್ಟು ಬರುವ ಜಾಗ ಇನ್ನೊಂದಿಲ್ಲ. 2022ರಲ್ಲಿ ಬ್ರಿಸ್ಟಲ್ ಬೇಗೆ ಬಂದದ್ದು ಸುಮಾರು 7.9 ಕೋಟಿ ಮೀನು. ಕರ್ನಾಟಕದ ಜನಸಂಖ್ಯೆಗಿಂತ ಜಾಸ್ತಿ!

ಈಗ ಸಿಟ್ಟಿನ ವಿಷಯ.

ನಮ್ಮ ಗುಂಪಿನಲ್ಲಿ ಎಂಟು ಜನ, ನಾನೊಬ್ಬಳೇ ಹೆಂಗಸು. ಉಳಿದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಅವರ ಬೆರಳಿನಲ್ಲಿ ಒಂದು ಕೌಂಟರ್. ನಮ್ಮಮ್ಮ ರಾಮನಾಮ ಎಣಿಸೋಕೆ ಹಾಕಿಕೊಳ್ಳುತ್ತಾರಲ್ಲ, ಗುಂಡಿ ಒತ್ತಿದರೆ ನಂಬರ್ ಏರುವುದು, ಅದೇ. ಒಂದು ಮೀನು ಎಳೆದು, ಫೋಟೋ ತೆಗೆಸಿ, ನೀರಿಗೆ ಬಿಟ್ಟು, ಟಕ್ ಅಂತ ಒತ್ತುವುದು. ಮತ್ತೊಂದು, ಟಕ್. ರಾತ್ರಿ ಊಟಕ್ಕೆ ಕೂತಾಗ ಸಾಹೇಬರು ಘೋಷಿಸಿದರು: 47. ಮೇಜಿನ ಸುತ್ತ ಇದ್ದವರೆಲ್ಲ ಚಪ್ಪಾಳೆ ಹೊಡೆದರು. ಆಮೇಲೆ ಸಾಹೇಬರು ಎದೆ ಮುಟ್ಟಿಕೊಂಡು, ಒಂದನ್ನೂ ಕೊಂದಿಲ್ಲ, ಎಲ್ಲವನ್ನೂ ಬಿಟ್ಟೆ ಅಂದರು. ಪುಣ್ಯ ಮಾಡಿದ ಮುಖ. ಬಾಯಲ್ಲಿ ಹೊರಗಿನಿಂದ ವಿಮಾನದಲ್ಲಿ ತಂದ ಸ್ಟೇಕ್.

47 ಅಂತೆ!

ಮೊದಲನೆಯದಾಗಿ, ಅದು ಹಿಡಿದದ್ದೇ ಅಲ್ಲ. ಸಾಕೈ ಸಮುದ್ರದಲ್ಲಿ ತಿಂದು ಬೆಳೆಯುವುದು ಮುಖ್ಯವಾಗಿ ಸಣ್ಣ ಸಣ್ಣ ಸಿಗಡಿಯಂಥ ಜೀವಿಗಳನ್ನು, ನೀರನ್ನು ಸೋಸಿದ ಹಾಗೆ. ನದಿಗೆ ಬಂದ ಮೇಲೆ ಊಟವೇ ಬಂದ್. ನಿನ್ನ ಬಣ್ಣದ ಪುಕ್ಕ ನೋಡಿ ಅದಕ್ಕೆ ಹಸಿವಾಗುವುದಿಲ್ಲ. ಅಪರೂಪಕ್ಕೆ ಒಂದು ಸಿಟ್ಟಿಗೆ ಕಚ್ಚೀತು. ಸಾಮಾನ್ಯವಾಗಿ ಆಗುವುದೇ ಬೇರೆ. ಮೀನು ಉಸಿರಾಡಲು ಬಾಯಿ ತೆರೆದು ಮುಚ್ಚುತ್ತಾ ಹೋಗುತ್ತಿರುತ್ತದೆ, ನಾವು ಅಡ್ಡಕ್ಕೆ ದಾರ ಬಿಡುತ್ತೇವೆ, ದಾರ ಬಾಯೊಳಗೆ ಜಾರುತ್ತದೆ, ಎಳೆದರೆ ಕೊಕ್ಕೆ ಆಚೆ ಕಡೆಯ ದವಡೆಗೆ ಹೊರಗಿನಿಂದ ಚುಚ್ಚುತ್ತದೆ. ನಮ್ಮ ಗೈಡ್ ಹುಡುಗ, ಕಾಲೇಜು ರಜೆಗೆ ಕೆಲಸಕ್ಕೆ ಬಂದವನು, ನಾಚಿಕೆ ಇಲ್ಲದೆ ನಿಜ ಹೇಳಿದ: "ಅವು ತಿನ್ನಲ್ಲ ಮೇಡಂ, ನಾವೇ ಸಿಕ್ಕಿಸೋದು." ಸಿಕ್ಕಿಸಿ ಸಾರು ಮಾಡಿದರೆ ನನ್ನ ತಕರಾರಿಲ್ಲ. ಸಿಕ್ಕಿಸಿ, "ನನ್ನ ಫ್ಲೈಗೆ ಹೇಗೆ ಬಂತು ನೋಡಿ" ಅಂತ ಮೀಸೆ ತಿರುವಿದರೆ ತಕರಾರು.

ಎರಡನೆಯದು ಇನ್ನೂ ದೊಡ್ಡದು. ಅದು ಊಟ ಬಿಟ್ಟಿದೆ ಅಂದೆನಲ್ಲ, ಮತ್ತೆ ತಿನ್ನುವುದೇ ಇಲ್ಲ. ಸಮುದ್ರದಲ್ಲಿ ಕೂಡಿಸಿಕೊಂಡ ಕೊಬ್ಬೇ ಅದರ ಬುತ್ತಿ. ಅಷ್ಟರಲ್ಲೇ ನದಿ ಹತ್ತಬೇಕು, ಜೊತೆ ಹುಡುಕಬೇಕು, ಬಾಲದಲ್ಲಿ ಕಲ್ಲು ಸರಿಸಿ ಗುಂಡಿ ಮಾಡಿ ಮೊಟ್ಟೆ ಇಡಬೇಕು, ಆಮೇಲೆ ಸಾಯಬೇಕು. ಪೆಸಿಫಿಕ್ ಸಾಲ್ಮನ್‌ಗೆ ಎರಡನೇ ಸಲ ಅನ್ನುವುದು ಇಲ್ಲ. ಅಂಥ ಪ್ರಾಣಿಯನ್ನು ಐದು ನಿಮಿಷ ಜಗ್ಗಾಡಿ, ಗಾಳಿಯಲ್ಲಿ ಎತ್ತಿ ಹಿಡಿದು, ಇನ್ನೊಂದು ಫೋಟೋ, ಕನ್ನಡಕ ತೆಗೆದು ಇನ್ನೊಂದು ಅಂದು, ಆಮೇಲೆ ಬಿಟ್ಟು "ಹೋಗಿ ಬಾ ಮರಿ" ಅನ್ನುವುದು. ಬುತ್ತಿ ಅರ್ಧ ಕಿತ್ತುಕೊಂಡು ಬಸ್ಸು ಹತ್ತಿಸಿದ ಹಾಗಲ್ವಾ ಇದು?

ತಮಾಷೆ ಏನು ಗೊತ್ತಾ, ಆ ಸೀಮೆಯಲ್ಲಿ ಮೀನು ಎಣಿಸುವವರು ನಿಜವಾಗಿಯೂ ಇದ್ದಾರೆ. ನದಿ ದಡದಲ್ಲಿ ಅಟ್ಟಣೆ ಕಟ್ಟಿರುತ್ತಾರೆ, ನಮ್ಮ ಗದ್ದೆಯಲ್ಲಿ ಹಂದಿ ಕಾಯುವ ಅಟ್ಟಣೆ ಇದ್ದ ಹಾಗೆ. ಮೀನುಗಾರಿಕೆ ಇಲಾಖೆಯ ಹುಡುಗರು ಅದರ ಮೇಲೆ ನಿಂತು ಗಂಟೆಗೆ ಹತ್ತು ನಿಮಿಷ ನೀರು ನೋಡಿ, ದಾಟುವ ಮೀನು ಎಣಿಸುತ್ತಾರೆ. ಅವರ ಕೈಯಲ್ಲೂ ಕೌಂಟರ್. ಮೊಟ್ಟೆ ಇಡಲು ಸಾಕಷ್ಟು ಮೀನು ಮೇಲೆ ಹೋಗುತ್ತಿವೆಯಾ ಅಂತ ನೋಡಿಕೊಂಡೇ ಕೆಳಗಿನ ದೋಣಿಗಳಿಗೆ ಬಲೆ ಹಾಕಲು ಬಿಡುವುದು. ಅವರು ಎಣಿಸುವುದು ದಾಟಿ ಹೋದದ್ದನ್ನು, ನಮ್ಮ ಡಾಕ್ಟರು ಎಣಿಸುವುದು ದಾಟಲು ಬಿಡದೆ ನಿಲ್ಲಿಸಿದ್ದನ್ನು.

ಮೂರನೇ ದಿನ ದೋಣಿಯಲ್ಲಿ ಹೋಗುವಾಗ ದಡದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಯೂಪಿಕ್ ಜನರ ಒಂದು ಕುಟುಂಬ ಬಲೆ ಬಿಟ್ಟಿತ್ತು. ಇಬ್ಬರು ಹೆಂಗಸರು ಉಲು ಅನ್ನುವ ಅರ್ಧಚಂದ್ರದ ಕತ್ತಿಯಲ್ಲಿ ಮೀನು ಸೀಳಿ ಗಳಕ್ಕೆ ನೇತು ಹಾಕುತ್ತಿದ್ದರು. ಕೆಂಪು ಸೀರೆ ಒಣಗಲು ಹಾಕಿದ ಹಾಗೆ ಸಾಲಾಗಿ ಕಾಣುತ್ತಿತ್ತು. ಡಾಕ್ಟರು ತಲೆ ಅಲ್ಲಾಡಿಸಿ, "ಬಲೆ ಹಾಕಿದರೆ ನದಿ ಉಳಿಯುತ್ತಾ" ಅಂದರು. ನಾನು ಬಾಯಿ ತೆರೆದೆ, ಇಂಗ್ಲಿಷ್ ಬರಲಿಲ್ಲ. ಸಿಟ್ಟು ಬಂದಾಗ ನನಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ, ಕನ್ನಡದಲ್ಲೇ ಬೈದೆ, ಅವರು ನಕ್ಕರು. ಉತ್ತರಕ್ಕೆ ಯೂಕಾನ್ ನದಿಯಲ್ಲಿ ಕಿಂಗ್ ಸಾಲ್ಮನ್ ಎಷ್ಟು ಕುಸಿದಿದೆ ಅಂದರೆ 2024ರಲ್ಲಿ ಅಲಾಸ್ಕ ಮತ್ತು ಕೆನಡಾ ಸೇರಿ 7 ವರ್ಷ ಅದನ್ನು ಹಿಡಿಯುವುದನ್ನೇ ನಿಲ್ಲಿಸಿದವು. ಅಜ್ಜಿ ಮುತ್ತಜ್ಜಿ ಕಾಲದಿಂದ ಅದೇ ಮೀನು ಒಣಗಿಸಿ ಚಳಿಗಾಲ ಕಳೆದ ಊರುಗಳಲ್ಲಿ ಈಗ ಗಳ ಖಾಲಿ. ಅವರಿಗೆ ಬುದ್ಧಿ ಹೇಳೋಕೆ ನಾವು ಕೌಂಟರ್ ಹಾಕಿಕೊಂಡು ಹೊರಟಿದ್ದೇವೆ.

ಗೊತ್ತು, ಗೊತ್ತು. ಲಾಡ್ಜ್‌ಗಳು ಇಲ್ಲದಿದ್ದರೆ ಪೆಬಲ್ ಗಣಿ ಬರುತ್ತಿತ್ತು ಅಂತ ಯಾರಾದರೂ ಬರೆಯುತ್ತೀರಿ. ಆ ನದಿಗಳ ತಲೆಯ ಮೇಲೇ ತಾಮ್ರ, ಚಿನ್ನ ತೆಗೆಯಲು ಹೊರಟಿದ್ದರು. ಊರಿನವರು, ಬಲೆ ದೋಣಿಯವರು, ಲಾಡ್ಜಿನವರು ಒಟ್ಟಿಗೆ ನಿಂತು ವರ್ಷಗಟ್ಟಲೆ ಹೋರಾಡಿದರು, 2023ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂಸ್ಥೆ ತಡೆ ಹಾಕಿತು. ಸರಿ, ದೊಡ್ಡ ಕೆಲಸ, ಕೈ ಮುಗಿದೆ. ಅದಕ್ಕೂ 47ಕ್ಕೂ ಏನು ಸಂಬಂಧ? ಐದು ಹಿಡಿದು ಸಾಕು ಅಂದಿದ್ದರೆ ಗಣಿ ಬಂದುಬಿಡುತ್ತಿತ್ತಾ?

ಇನ್ನೊಂದು ಗುಂಪು ಕಾವೇರಿಯ ಮಾತು ತೆಗೆಯುತ್ತದೆ. ಭೀಮೇಶ್ವರಿ, ಗಾಲಿಬೋರೆ ಕ್ಯಾಂಪುಗಳಲ್ಲಿ ರಾಗಿ ಉಂಡೆ ಕಟ್ಟಿ ಮಹಶೀರ್ ಹಿಡಿದು ಬಿಡುತ್ತಿದ್ದರಲ್ಲ, ಅದರಿಂದಲೇ ಸಿಡಿಮದ್ದು ಹಾಕುವವರ ಕಾಟ ತಪ್ಪಿತ್ತು, ಊರಿನ ಹುಡುಗರಿಗೆ ಕೆಲಸ ಇತ್ತು ಅಂತ. ನಾನೂ ಈ ವಾದ ಹತ್ತು ಸಲ ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ಕಾವೇರಿಯ ದೊಡ್ಡ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಅದನ್ನು ಬಿಡದೆ ಏನು ಮಾಡುತ್ತೀರಿ. ಆದರೆ ಮಹಶೀರ್ ಬಿಟ್ಟರೆ ಹೋಗಿ ಮಡುವಿನಲ್ಲಿ ಸುಧಾರಿಸಿಕೊಂಡು ಮತ್ತೆ ಉಂಡು, ಮುಂದಿನ ವರ್ಷ, ಅದರ ಮುಂದಿನ ವರ್ಷ ಬದುಕುತ್ತದೆ. ಸಾಕೈಗೆ ಮುಂದಿನ ವರ್ಷ ಎಲ್ಲಿದೆ ಸ್ವಾಮಿ? ಒಂದು ಮೀನಿನ ಪಥ್ಯ ಇನ್ನೊಂದಕ್ಕೆ ಹಾಕಿ ಪುಣ್ಯ ಕಟ್ಟಿಕೊಳ್ಳುವುದೇ ನನಗೆ ತಲೆ ಕೆಡಿಸುವುದು.

ಇಷ್ಟೆಲ್ಲ ಹೇಳಿದವಳು ನಾಲ್ಕನೇ ದಿನ ಏನು ಮಾಡಿದೆ ಅಂತಲೂ ಬರೆಯಬೇಕಲ್ಲ. ಬೆಳಿಗ್ಗೆಯೇ ನನ್ನ ಊಟದ ಮೀನು ಆಗಿತ್ತು. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕೈ ಕೇಳಬೇಕಲ್ಲ, ರೀಲು ಕಿರುಚುವ ಸದ್ದಿಗೆ ಒಂದು ಚಟ ಇದೆ. ಇನ್ನೊಂದು, ಇನ್ನೊಂದು ಅಂತ ಹೋಗಿ ಕೊನೆಯದಕ್ಕೆ ಕೊಕ್ಕೆ ಬಾಯಿಗೆ ಬೀಳದೆ ಕಿವಿರಿನ ಪಕ್ಕ ಚುಚ್ಚಿತು. ರಕ್ತ ಕಾರಂಜಿ. ಅಲ್ಲಿನ ಕಾನೂನು, ಬಾಯಿ ಬಿಟ್ಟು ಬೇರೆ ಕಡೆ ಚುಚ್ಚಿದರೆ ತಕ್ಷಣ ಬಿಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ. ಬಿಟ್ಟೆ. ಎರಡು ಸಲ ಬಾಲ ಆಡಿಸಿತು, ಆಮೇಲೆ ಹೊಟ್ಟೆ ಮೇಲಾಗಿ ತೇಲಿಕೊಂಡು ಹೋಯಿತು. ಸ್ವಲ್ಪ ಕೆಳಗೆ ಕಡಲ ಹಕ್ಕಿಗಳು ಕೂತಿದ್ದವು, ಮೊದಲು ಕಣ್ಣು ಕಿತ್ತವು. ನನ್ನ ಬೆರಳಿನಲ್ಲಿ ಕೌಂಟರ್ ಇರಲಿಲ್ಲ ಅಷ್ಟೆ. ಆವತ್ತು ಎಷ್ಟು ಅಂತ ನನಗೂ ಲೆಕ್ಕ ಗೊತ್ತು. ಹೇಳಲ್ಲ.

ಆ ರಾತ್ರಿ ಸ್ಯಾಟಲೈಟ್ ಫೋನಿನಲ್ಲಿ ಮನೆಯವರಿಗೆ ಹೇಳಿಕೊಂಡೆ. ಅವರು ಶೃಂಗೇರಿಯವರು, ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಬೆಳೆದವರು. "ತಿನ್ನೋಕಲ್ಲ ಅಂದ್ರೆ ಹಿಡಿಯೋದ್ಯಾಕೆ ಮಾರಾಯ್ತಿ?" ಅಂದರು. ಹದಿನೈದು ವರ್ಷದ ಸಂಸಾರದಲ್ಲಿ ಮೀನಿನ ಬಗ್ಗೆ ಅವರು ಆಡಿದ ಒಂದೇ ಸರಿಯಾದ ಮಾತು. ನನಗೆ ಅದಕ್ಕೂ ಸಿಟ್ಟೇ ಬಂತು.

ನಮ್ಮ ಅಜ್ಜಯ್ಯನೇನೂ ಸಂತರಲ್ಲ. ಮುಂಗಾರಿನ ಮೊದಲ ಜಡಿಮಳೆಗೆ ಹತ್ತುವ ಮೀನುಗಳು ಹೊಳೆ ಬಿಟ್ಟು ಹಳ್ಳ, ಹಳ್ಳ ಬಿಟ್ಟು ಗದ್ದೆಗೆ ಏರುತ್ತಿದ್ದಾಗ, ಅವೂ ಮೊಟ್ಟೆ ಇಡಲೇ ಹೊರಟವು, ಕೂಳಿ ಒಡ್ಡಿ, ಬ್ಯಾಟರಿ ಬೆಳಕಿನಲ್ಲಿ ಕತ್ತಿಯಿಂದ ಕಡಿದು ಬುಟ್ಟಿ ತುಂಬಿಸಿಕೊಂಡು ಬರುತ್ತಿದ್ದರು. ಪಕ್ಕದ ಮನೆಯವರ ಜೊತೆ ಕೂಳಿ ಜಾಗಕ್ಕೆ ಕೈ ಕೈ ಮಿಲಾಯಿಸಿದ್ದೂ ಉಂಟು. ತಪ್ಪೇ, ಈಗ ಅನ್ನಿಸುತ್ತದೆ. ಆದರೆ ಅವರು ಒಂದು ದಿನವೂ ನನಗೆ ಮೀನಿನ ಮೇಲೆ ಪ್ರೀತಿ ಅಂತ ಹೇಳಿಕೊಂಡು ತಿರುಗಲಿಲ್ಲ.

ಐದನೇ ದಿನ ನಾನು ಗಾಳ ಮುಟ್ಟಲಿಲ್ಲ. ಅಡುಗೆಯವರ ಕಾಲು ಹಿಡಿದು ಒಲೆ ಗಿಟ್ಟಿಸಿಕೊಂಡೆ. ಬ್ಯಾಗಿನಲ್ಲಿ ವಾಟೆಹುಳಿ, ಬ್ಯಾಡಗಿ ಮೆಣಸು ಇತ್ತು (ನೀರಿಗಿಳಿಯುವಾಗ ಹಾಕುವ ವೇಡರ್ಸ್ ಬಿಟ್ಟು ಬಂದರೂ ಅದನ್ನು ಬಿಡುವವಳಲ್ಲ ನಾನು). ತೆಂಗಿನಕಾಯಿ ಸಿಗಲಿಲ್ಲ, ಡಬ್ಬಿ ಹಾಲಿನಲ್ಲೇ ಸುಧಾರಿಸಿದೆ. ಸಾಕೈ ಮಾಂಸ ಕಡು ಕೆಂಪು, ಸಾರಿನಲ್ಲಿ ಬೆಂದರೂ ಬಣ್ಣ ಬಿಡಲ್ಲ. ಗೈಡ್ ಹುಡುಗ ಮೂರು ಸಲ ಹಾಕಿಸಿಕೊಂಡ. ಡಾಕ್ಟರು ಎರಡು ಸಲ, ಮೂಗು ಒರೆಸಿಕೊಳ್ಳುತ್ತಾ. ರುಚಿ ನೋಡಿ ಚೆನ್ನಾಗಿದೆ ಅಂದರು, ಆಮೇಲೆ ಇದು ಯಾವ ಮೀನು ಅಂತ ಕೇಳಿದರು.

ಸಿಯಾಟಲ್ ಏರ್‌ಪೋರ್ಟಿನ ಬೆಲ್ಟಿನ ಮೇಲೆ ಸೂಟ್‌ಕೇಸಿಗಿಂತ ಜಾಸ್ತಿ ಮೀನಿನ ಡಬ್ಬಗಳೇ ಬಂದವು, ನನ್ನದೂ ಒಂದು. ಮನೆಯವರು ಹತ್ತಡಿ ದೂರ ನಿಂತು, ಕರ್ಚೀಫು ಮೂಗಿಗೆ ಹಿಡಿದು, "ಇದನ್ನ ಹಿಂದಿನ ಸೀಟಲ್ಲಿ ಇಡು" ಅಂದರು. ಈಗ ಫ್ರೀಜರ್‌ನಲ್ಲಿ 11 ಪ್ಯಾಕೆಟ್ ಇದೆ. ಬೆಲ್‌ವ್ಯೂ, ರೆಡ್ಮಂಡ್ ಕಡೆ ಇರುವವರು ಶನಿವಾರ ಬಂದು ತಗೊಂಡು ಹೋಗಿ. ವಾಟೆಹುಳಿ ಕೊಡಲ್ಲ, ಅದು ಮುಗಿಯುತ್ತಾ ಬಂದಿದೆ. ಫೋಟೋ ಹಾಕಿ ಅಂತ ಮಾತ್ರ ಕೇಳಬೇಡಿ.