ಏನೋ ಒಂದು ಮಾಡ್ಕೊಂಡೆ

ಅಡುಗೆ ಬರದವರಿಗೆ ಬೆಳಗಿನ ಹೊತ್ತು ಸಮಸ್ಯೆಯೇ ಅಲ್ಲ. ಬೆಂಗಳೂರಿನಲ್ಲಿ ಎಲ್ಲಿ ನಿಂತರೂ ಹತ್ತಿರದಲ್ಲೊಂದು ದರ್ಶಿನಿ ಇರುತ್ತದೆ, ನಿಂತುಕೊಂಡೇ ಇಡ್ಲಿ ವಡೆ ತಿಂದು ಕೈ ತೊಳೆದರೆ ಮುಗಿಯಿತು. ಮಧ್ಯಾಹ್ನಕ್ಕೆ ಆಫೀಸಿನ ಕ್ಯಾಂಟೀನು. ಕಷ್ಟ ಇರೋದು ರಾತ್ರಿಗೆ. ಟ್ರಾಫಿಕ್ಕಿನಲ್ಲಿ ಬೆಂದು ಮನೆಗೆ ಬಂದು ಚಪ್ಪಲಿ ಬಿಡುವಾಗ ಎಂಟೂವರೆ ಆಗಿರುತ್ತದೆ, ಹೊಟ್ಟೆ ಚುರುಗುಡುತ್ತಿರುತ್ತದೆ, ಸರಿಯಾಗಿ ಆಗಲೇ ಅಮ್ಮನ ಫೋನು. ‘ಊಟ ಆಯ್ತಾ? ಏನ್ ಮಾಡ್ಕೊಂಡೆ?’ ‘ಏನೋ ಒಂದು ಮಾಡ್ಕೊಂಡೆ ಬಿಡಮ್ಮಾ.’

ಈ ‘ಏನೋ ಒಂದು’ ಏನು ಅನ್ನೋದನ್ನ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಅದರ ಬದಲು ಅಡುಗೆ ಬರದವರು ಮೊಬೈಲ್ ತೆಗೆದು ಪನೀರ್ ಬಟರ್ ಮಸಾಲ ಮಾಡೋದು ಹೇಗೆ ಅಂತ ನೋಡುತ್ತಾರೆ. ಗೋಡಂಬಿ ನೆನೆಸಿ, ಟೊಮೆಟೊ ಬೇಯಿಸಿ, ರುಬ್ಬಿ, ಸೋಸಿ, ಕೊನೆಗೆ ಒಂದು ಚಿಟಿಕೆ ಕಸೂರಿ ಮೇಥಿ ಬೇಕು ಅಂತ ಒಂದು ಇಡೀ ಪೊಟ್ಟಣ ತರುತ್ತಾರೆ. ಆ ಪೊಟ್ಟಣ ಮುಂದಿನ ಬಾಡಿಗೆ ಮನೆಗೂ ಜೊತೆಯಲ್ಲೇ ಹೋಗುತ್ತದೆ. ಹಬ್ಬದ ಅಡುಗೆಯಿಂದ ಕಲಿಯೋಕೆ ಶುರು ಮಾಡಿದರೆ ಇನ್ನೇನಾಗುತ್ತೆ ಹೇಳಿ.

ನಮ್ಮ ಮನೆಗಳಲ್ಲಿ ಸುಸ್ತಾದ ರಾತ್ರಿಗೆ ಅಂತಲೇ ಬೇರೆ ಊಟ ಇತ್ತು. ತಿಳಿಸಾರು ಅನ್ನ, ಮೊಸರನ್ನ, ಚಿತ್ರಾನ್ನ, ಉಪ್ಪಿಟ್ಟು. ಇವುಗಳಿಗೆ ಬೇಕಾದ ವಿದ್ಯೆ ಎರಡೇ. ಒಂದು, ಕುಕ್ಕರಿನಲ್ಲಿ ಅನ್ನ ಮಾಡೋದು: ಒಂದು ಲೋಟ ಸೋನಾ ಮಸೂರಿಗೆ ಎರಡೂವರೆ ಲೋಟ ನೀರು, ಮೂರು ಸೀಟಿ, ಆಮೇಲೆ ಪ್ರೆಶರ್ ತಾನಾಗಿ ಇಳಿಯುವ ತನಕ ಮುಟ್ಟಬಾರದು. ಹಸಿವಾದಾಗ ಈ ಮುಟ್ಟದೇ ಇರೋದೇ ಎಲ್ಲಕ್ಕಿಂತ ಕಷ್ಟ.

ಇನ್ನೊಂದು ಒಗ್ಗರಣೆ. ಇದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಕಲಿಯಬೇಕು. ಚಿಕ್ಕ ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ ನಾಲ್ಕು ಕಾಳು ಸಾಸಿವೆ ಬಿಡಿ. ಸುಮ್ನೆ ತಳದಲ್ಲಿ ಕೂತರೆ ಎಣ್ಣೆ ಕಾದಿಲ್ಲ ಅಂತ ಅರ್ಥ, ಕಾಯಿರಿ. ಚಟಪಟ ಅಂದರೆ ಉಳಿದ ಸಾಸಿವೆ ಹಾಕಿ. ಸಾಸಿವೆ ಸಿಡಿದ ಮೇಲೆ ಉದ್ದಿನಬೇಳೆ. ಅದು ಬಿಳಿಯಿಂದ ಹೊಂಬಣ್ಣಕ್ಕೆ ತಿರುಗೋಕೆ ಒಂಚೂರು ಹೊತ್ತು ಬೇಕು, ಹೊಂಬಣ್ಣದಿಂದ ಕಪ್ಪಾಗೋಕೆ ಹೊತ್ತೇ ಬೇಡ. ಹಾಗಾಗಿ ಬೇಳೆ ಹಾಕಿದ ಮೇಲೆ ಫೋನ್ ನೋಡಬೇಡಿ. ಬಣ್ಣ ಬರುತ್ತಿದ್ದ ಹಾಗೇ ಒಣಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು, ಒಲೆ ಆಫ್. ಕರಿಬೇವು ತೊಳೆದಿದ್ದರೆ ಬಟ್ಟೆಯಲ್ಲಿ ಒರೆಸಿಯೇ ಹಾಕಿ, ಇಲ್ಲದಿದ್ದರೆ ಎಣ್ಣೆ ನಿಮ್ಮ ಕೈಗೆ ಹಾರುತ್ತದೆ.

ಇಷ್ಟು ಬಂದರೆ ಅರ್ಧ ಕರ್ನಾಟಕದ ರಾತ್ರಿ ಊಟ ನಿಮ್ಮ ಕೈಯಲ್ಲಿ ಇದ್ದ ಹಾಗೆ. ಆ ಒಗ್ಗರಣೆಯನ್ನು ಮೊಸರು ಕಲಸಿದ ಅನ್ನದ ಮೇಲೆ ಹಾಕಿದರೆ ಮೊಸರನ್ನ. ಅದಕ್ಕೇ ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ, ಅರಿಶಿನ ಸೇರಿಸಿ ಅನ್ನ ಕಲಸಿ ನಿಂಬೆಹಣ್ಣು ಹಿಂಡಿದರೆ ಚಿತ್ರಾನ್ನ. ಇದಕ್ಕೆ ಫ್ರಿಜ್ಜಿನಲ್ಲಿಟ್ಟ ಬೆಳಗಿನ ಅನ್ನವೇ ಜಾಸ್ತಿ ಚೆನ್ನ, ಅಗುಳು ಬಿಡಿಬಿಡಿಯಾಗಿರುತ್ತದೆ. ಮಂಡಕ್ಕಿ ನೆನೆಸಿ ಹಿಂಡಿ ಹಾಕಿದರೆ ದಾವಣಗೆರೆ, ಬಳ್ಳಾರಿ ಕಡೆಯವರ ಒಗ್ಗರಣೆ ಮಂಡಕ್ಕಿ. ಈರುಳ್ಳಿ ಬಾಡಿಸಿ, ನೀರು ಕುದಿಸಿ, ಹುರಿದ ರವೆ ಸುರಿದರೆ ಉಪ್ಪಿಟ್ಟು. ಉಪ್ಪಿಟ್ಟನ್ನು ಕಾಂಕ್ರೀಟ್ ಅಂತ ಹೀಯಾಳಿಸುವವರೆಲ್ಲ ನೀರಿಗೆ ಜಿಪುಣತನ ಮಾಡುವ ಮನೆಯಲ್ಲಿ ಬೆಳೆದವರು ಅಂತ ನನ್ನ ಅನುಮಾನ. ಒಂದು ಲೋಟ ರವೆಗೆ ಮೂರು ಲೋಟ ನೀರು ಹಾಕಿ ನೋಡಿ, ಆಮೇಲೆ ಮಾತಾಡೋಣ.

ಆದರೆ ಇದರಲ್ಲಿ ಒಂದು ಗುಟ್ಟಿದೆ. ತಿಳಿಸಾರು ಹತ್ತು ನಿಮಿಷದ ಕೆಲಸ ಅಂತ ನಾವು ಹೇಳುವುದು ಸಾರಿನಪುಡಿಯ ಡಬ್ಬಿ ಕೈಗೆ ಸಿಗುವ ಧೈರ್ಯದ ಮೇಲೆ. ಆ ಡಬ್ಬಿಯ ಹಿಂದೆ ಬ್ಯಾಡಗಿ ಮೆಣಸಿನಕಾಯಿ ಬಿಸಿಲಿಗೆ ಹಾಕಿ, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸು ಒಂದೊಂದನ್ನೇ ಬೇರೆ ಬೇರೆ ಹುರಿದು, ಮಿಲ್ಲಿಗೆ ಹೊತ್ತುಕೊಂಡು ಹೋಗಿ, ಕೆಮ್ಮುತ್ತಾ ಕೂತು ಪುಡಿ ಮಾಡಿಸಿಕೊಂಡು ಬಂದವರೊಬ್ಬರಿದ್ದಾರೆ. ಚಟ್ನಿಪುಡಿಯದ್ದೂ ಅದೇ ಕಥೆ, ಉಪ್ಪಿನಕಾಯಿಯದ್ದೂ ಅದೇ. ನಮ್ಮ ಸೋಮಾರಿತನದ ಖರ್ಚನ್ನು ಊರಿನಲ್ಲಿ ಇನ್ಯಾರೋ ಮೊದಲೇ ಕಟ್ಟಿಬಿಟ್ಟಿರುತ್ತಾರೆ. ಊರಿಂದ ಡಬ್ಬಿ ಬರದವರಿಗೆ ಅಂಗಡಿ ಇದೆ. 1924ರಲ್ಲಿ ಶುರುವಾದ ಎಂಟಿಆರ್ ಹೋಟೆಲು, 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆ ಕಟ್ಟಿಹಾಕಿದಾಗ ಹೋಟೆಲು ನಡೆಸುವುದು ಕಷ್ಟವಾಗಿ ಪುಡಿ ಮತ್ತು ಮಿಕ್ಸ್ ಮಾರೋ ಕಡೆ ತಿರುಗಿತು. ಒಂದು ಹೋಟೆಲಿನ ಸಂಕಟದಿಂದ ನಮ್ಮಂಥವರ ಎಷ್ಟೋ ರಾತ್ರಿಗಳು ಕಳೆದಿವೆ. ಪೊಟ್ಟಣದ ಪುಡಿ ಹಾಕಿದರೆ ಮಾನ ಹೋಗುತ್ತೆ ಅನ್ನುವವರ ಮಾತು ಕೇಳಬೇಡಿ, ಅವರು ನಿಮಗೆ ಪುಡಿ ಮಾಡಿ ಕಳಿಸುವುದಿಲ್ಲ.

ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ. ಕಡಕ್ ರೊಟ್ಟಿ ಒಂದು ಸಲ ಮಾಡಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಎಲ್ಲವೂ ಒಣ ಪುಡಿ. ಬಾಗಲಕೋಟೆ, ವಿಜಯಪುರದ ಹುಡುಗರು ರೂಮಿಗೆ ಬಂದರೆ ಚೀಲದಲ್ಲಿ ಇವೇ ಮೊದಲು ಹೊರಗೆ ಬರುವುದು. ತಟ್ಟೆಗೆ ರೊಟ್ಟಿ ಮುರಿದು ಹಾಕು, ಪಕ್ಕದಲ್ಲಿ ಚಟ್ನಿ, ಮೇಲೆ ಗಟ್ಟಿ ಮೊಸರು, ಒಂದು ಹಸಿ ಈರುಳ್ಳಿ. ಒಲೆ ಹಚ್ಚಲೇ ಇಲ್ಲ, ಊಟ ಆಗೇ ಹೋಯಿತು.

ಒಲೆ ಹಚ್ಚದ ಊಟ ಕರಾವಳಿಯವರಿಗೂ ಗೊತ್ತು. ತೆಳು ಅವಲಕ್ಕಿಗೆ ತೆಂಗಿನತುರಿ, ಬೆಲ್ಲ, ಉಪ್ಪು, ಸ್ವಲ್ಪ ಖಾರದ ಪುಡಿ ಹಾಕಿ ಕೈಯಲ್ಲಿ ಚೆನ್ನಾಗಿ ಕಲಸಬೇಕು, ಅಷ್ಟೇ. ತೆಂಗಿನತುರಿಯ ಹಸಿಯಿಂದಲೇ ಅವಲಕ್ಕಿ ಮೆತ್ತಗಾಗುತ್ತದೆ. ಗಟ್ಟಿ ಅವಲಕ್ಕಿಯಲ್ಲಿ ಇದನ್ನು ಮಾಡೋಕೆ ಹೋಗಬೇಡಿ, ಹಲ್ಲು ನಿಮ್ಮದು. ಮಲೆನಾಡಿನವರಾದರೆ ದೊಡ್ಡಪತ್ರೆ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿಕೊಂಡು ಬಿಸಿ ಅನ್ನಕ್ಕೆ ಸುರಿದುಕೊಳ್ಳುತ್ತಾರೆ. ಕುದಿಸುವ ಗೋಜೇ ಇಲ್ಲ. ದೊಡ್ಡಪತ್ರೆ ಒಂದು ಕುಂಡದಲ್ಲಿದ್ದರೆ ಸಾಕು, ಗಿಡ ಬೆಳೆಸೋಕೆ ಬಾರದವರ ಮನೆಯಲ್ಲೂ ಅದು ಬೆಳೆಯುತ್ತದೆ.

ಇಷ್ಟೆಲ್ಲ ಯಾಕೆ, ಆರ್ಡರ್ ಮಾಡಿದರೆ ಬರೋದಿಲ್ವಾ ಅನ್ನಬಹುದು. ಬರುತ್ತೆ. ಮ್ಯಾಪಿನಲ್ಲಿ ಆ ಚಿಕ್ಕ ಬೈಕು ನಮ್ಮ ಬೀದಿಯ ತುದಿಗೆ ಬಂದು, ಏನೋ ನೆನಪಾದ ಹಾಗೆ ವಾಪಸ್ ತಿರುಗಿ, ಸಿಗ್ನಲ್ಲಿನಲ್ಲಿ ನಿಂತಿರುವುದನ್ನು ನೋಡುತ್ತಾ ಕೂರುವ ಹೊತ್ತಿಗೆ ಇಲ್ಲಿ ಸಾರಿಗೆ ಒಗ್ಗರಣೆ ಬಿದ್ದಿರುತ್ತದೆ. ನಾನೂ ತರಿಸುತ್ತೇನೆ, ಇಲ್ಲ ಅನ್ನೋಲ್ಲ. ಬಿರಿಯಾನಿ ಮನೆಯಲ್ಲಿ ಮಾಡೋ ಹುಚ್ಚು ನನಗಿಲ್ಲ. ಆದರೆ ಮೊಸರನ್ನವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೇಲೆ ಮೂರು ದಾಳಿಂಬೆ ಕಾಳು ಇಟ್ಟು, ಪ್ಯಾಕಿಂಗ್ ಚಾರ್ಜ್ ಬೇರೆ ಹಾಕಿ ಕಳಿಸಿದಾಗ ಮಾತ್ರ ಮೈ ಉರಿಯುತ್ತದೆ.

ನಿಜವಾದ ಶತ್ರು ಅಡುಗೆ ಅಲ್ಲ, ಪಾತ್ರೆ. ಏನು ಮಾಡೋಣ ಅಂತ ನಾನು ತೀರ್ಮಾನಿಸುವುದು ಹಸಿವು ನೋಡಿ ಅಲ್ಲ, ಸಿಂಕ್ ನೋಡಿ. ಸಿಂಕ್ ಖಾಲಿ ಇದ್ದರೆ ಸಾರು ಅನ್ನ, ತುಂಬಿದ್ದರೆ ಅವಲಕ್ಕಿ. ಕುಕ್ಕರಿನಲ್ಲೇ ಅನ್ನ ಕಲಸಿ, ಅದರಲ್ಲೇ ತಿಂದರೆ ತಟ್ಟೆಯೂ ಉಳಿಯುತ್ತದೆ. ಯಾರಾದರೂ ಮನೆಗೆ ಬಂದರೆ ಮಾತ್ರ ತಟ್ಟೆ ತೆಗೆದು, ಎರಡು ಹಪ್ಪಳ ಸುಟ್ಟು ಬಡಿಸಿ. ಹಪ್ಪಳ ಇದ್ದರೆ ಯಾರೂ ಪಲ್ಯ ಎಲ್ಲಿ ಅಂತ ಕೇಳುವುದಿಲ್ಲ.